1972ರ ಎಂಜಿ ಮಿಡ್ಜೆಟ್: ಏಳು ವರ್ಷ ಗುಡ್ಡ ಹತ್ತಿಸಿದ ಮೇಲೆ

2018ರಲ್ಲಿ ಈ ಪುಟ್ಟ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಕೊಂಡೆ. ಹಿಂದಿನ ಚಕ್ರದ ಕಮಾನು ದುಂಡಗಿರುವ, ಕ್ರೋಮ್ ಬಂಪರ್ ಇರುವ ಮಾಡೆಲ್. 1275 ಸಿಸಿ, 65 ಕುದುರೆ ಶಕ್ತಿ, ತೂಕ 700 ಕೆಜಿ ಆಸುಪಾಸು. "ಮಗು ಎಲ್ಲಿ ಕೂರುತ್ತೆ?" ಅಂತ ಹೆಂಡತಿ ಕೇಳಿದಳು. ಎರಡೇ ಸೀಟು. ಆ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.

ನಾವಿರುವುದು ಬರ್ಮಿಂಗ್‌ಹ್ಯಾಮ್‌ನಲ್ಲಿ. ವೂಸ್ಟರ್‌ಶೈರ್‌ನ ಶೆಲ್ಸ್ಲಿ ವಾಲ್ಶ್‌ಗೆ ಇಲ್ಲಿಂದ ಹೆಚ್ಚು ದೂರವಿಲ್ಲ. ಅಲ್ಲಿ 1905ರಿಂದ ಹಿಲ್‌ಕ್ಲೈಂಬ್ ನಡೆಯುತ್ತಿದೆ. 1000 ಗಜದ ಕಿರಿದಾದ ಏರುದಾರಿ. ಒಬ್ಬೊಬ್ಬರೇ ಹತ್ತಬೇಕು, ಪೈಪೋಟಿ ಗಡಿಯಾರದ ಜೊತೆ. ಕಾರು ತಗೊಂಡಿದ್ದೇ ಇದಕ್ಕೆ. ತರಕಾರಿ ತರುವುದಕ್ಕೆ ಬೇರೆ ಕಾರಿದೆ.

ಬಾನೆಟ್ ಎತ್ತಿದರೆ ನಮ್ಮೂರಿನವರಿಗೆ ಗುರುತು ಸಿಗುವ ಎಂಜಿನ್. ಹಾಸನದಲ್ಲಿ ಮಾವನ ಹತ್ತಿರ ಅಂಬಾಸಡರ್ ಇತ್ತು. ಅದರ 1489 ಸಿಸಿ ಎಂಜಿನ್ ಬಿ-ಸೀರೀಸ್ ಅನ್ನುವ ಬ್ರಿಟಿಷ್ ವಿನ್ಯಾಸದ್ದು. ಇದು ಅದರ ತಮ್ಮ, ಎ-ಸೀರೀಸ್. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಬಂದ ಆ ಕೆಮ್ಮು ಕೇಳಿ ಮಾವನ ಮನೆಯ ಅಂಗಳವೇ ನೆನಪಾಯಿತು.

ಈ ಎಂಜಿನ್‌ನ ದೊಡ್ಡ ತಲೆನೋವು ಅದರ ರಚನೆಯಲ್ಲೇ ಇದೆ. ಗಾಳಿ ಒಳಗೆ ಹೋಗುವುದೂ ಹೊಗೆ ಹೊರಗೆ ಬರುವುದೂ ಒಂದೇ ಪಕ್ಕದಿಂದ. ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸುವ ಎರಡು ಎಸ್‌ಯು ಕಾರ್ಬೊರೇಟರ್‌ಗಳೂ ಕಾದ ಎಕ್ಸಾಸ್ಟ್‌ನ ಮೇಲೆಯೇ ಕೂತಿರುತ್ತವೆ, ಒಲೆಯ ಮೇಲಿಟ್ಟ ಪಾತ್ರೆ ಹಾಗೆ. ಓಡುತ್ತಿದ್ದರೆ ತೊಂದರೆಯಿಲ್ಲ. ನಿಲ್ಲಿಸಿದರೆ ಪೆಟ್ರೋಲ್ ಕುದಿಯುತ್ತದೆ.

ಇದು ಗೊತ್ತಾಗಿದ್ದು 2019ರ ಜುಲೈನಲ್ಲಿ, ಸ್ಟಾರ್ಟ್ ಲೈನ್ ಮೇಲೆ. ಮುಂದೆ ಹೋದವರು ಯಾರೋ ರಸ್ತೆಯ ಮೇಲೆ ಎಣ್ಣೆ ಚೆಲ್ಲಿದ್ದರು. ಒರೆಸುವ ತನಕ ಹದಿನೈದು ನಿಮಿಷ ಬಿಸಿಲಲ್ಲಿ ಕಾದೆ. ನನ್ನ ಸರದಿ ಬಂತು. ಮಾರ್ಷಲ್ ಹಿಂದಿನ ಚಕ್ರಕ್ಕೆ ಮರದ ತುಂಡು ಒತ್ತಿದ, ಹಸಿರು ದೀಪ ಬಂತು. ಹಸಿರು ಬಂದ ತಕ್ಷಣ ಹೊರಡಬೇಕೆಂದಿಲ್ಲ, ಕಾರು ಕದಲಿದಾಗಲೇ ಗಡಿಯಾರ ಶುರು. ನಾನು ಕದಲಿದೆ, ಗಡಿಯಾರ ಶುರುವಾಯಿತು, ಎಂಜಿನ್ ಇಪ್ಪತ್ತು ಮೀಟರ್‌ಗೆ ಗೊಳಗೊಳ ಎಂದು ಸತ್ತಿತು. ನ್ಯೂಟ್ರಲ್‌ಗೆ ಹಾಕಿ, ಹಿಂದೆ ನೋಡಿಕೊಂಡು, ಮೆಲ್ಲಗೆ ಇಳಿದು ಬಂದೆ. ಬೇಲಿಯ ಹತ್ತಿರ ಐಸ್‌ಕ್ರೀಮ್ ನೆಕ್ಕುತ್ತಿದ್ದ ಹುಡುಗನೊಬ್ಬ ನೆಕ್ಕುವುದನ್ನೇ ನಿಲ್ಲಿಸಿ ನೋಡಿದ. ಕಾರುಗಳನ್ನು ನಿಲ್ಲಿಸುವ ಪ್ಯಾಡಕ್‌ನಲ್ಲಿ ಬಾನೆಟ್ ಎತ್ತಿದರೆ ಕಾರ್ಬೊರೇಟರ್‌ಗೆ ಪೆಟ್ರೋಲ್ ತುಂಬಿಡುವ ಫ್ಲೋಟ್ ಚೇಂಬರ್ ಮುಟ್ಟಲಾಗದಷ್ಟು ಬಿಸಿ. ಈಗ ಹೀಟ್ ಶೀಲ್ಡ್ ಇದೆ. ಜೊತೆಗೆ ಸಾಲಿನಲ್ಲಿ ನಿಂತಾಗಲೆಲ್ಲ ಬಾನೆಟ್ ತೆಗೆದಿಡುತ್ತೇನೆ. ಮುಚ್ಚುವುದು ಕೊನೆಯ ಗಳಿಗೆಯಲ್ಲಿ.

ಆದರೆ ಎಲ್ಲದಕ್ಕೂ ಕಾರನ್ನೇ ಬೈಯುವುದು ಸರಿಯಲ್ಲ. ಒಂದು ಸಲ ಆಕ್ಸಿಲರೇಟರ್ ಒತ್ತಿದರೆ ಮುಗ್ಗರಿಸುತ್ತಿತ್ತು. ಎರಡು ವಾರ ಪ್ಲಗ್, ಪಾಯಿಂಟ್, ಕಾಯಿಲ್ ಎಲ್ಲ ಬದಲಿಸಿದೆ. ಕೊನೆಗೆ ಪಕ್ಕದ ಸ್ಟಾಲ್‌ನ ಅಜ್ಜ ಬಂದು ಕಾರ್ಬೊರೇಟರ್ ತಲೆಯ ಮೇಲಿನ ಪುಟ್ಟ ಮುಚ್ಚಳ ತಿರುಗಿಸಿ ತೋರಿಸಿದ. ಅದರೊಳಗಿನ ಎಣ್ಣೆಯ ಕೊಳವೆ, ಡ್ಯಾಶ್‌ಪಾಟ್, ಒಣಗಿತ್ತು. ಒಂದೆರಡು ಚಮಚ ಎಣ್ಣೆ ಹಾಕಿದರೆ ಮುಗಿಯಿತು, ಅಷ್ಟೇ. ಇನ್ನೊಮ್ಮೆ ಅಂಗಡಿಯೊಂದರಿಂದ ಪ್ಲಗ್‌ಗಳಿಗೆ ಕರೆಂಟ್ ಹಂಚುವ ರೋಟರ್ ಆರ್ಮ್ ಅಗ್ಗದ್ದು ತಂದೆ. ಮೂರನೇ ವಾರಕ್ಕೆ ಸುಟ್ಟಿತು. ಈಗ ಒಳ್ಳೆಯದು ಒಂದು ಕಾರಿನಲ್ಲಿ, ಇನ್ನೊಂದು ಸದಾ ಜೇಬಿನಲ್ಲಿ.

ಇಷ್ಟು ವರ್ಷದಲ್ಲಿ ಕಾರು ಅತಿ ಜಾಸ್ತಿ ಕೆಟ್ಟಿದ್ದು ಯಾವಾಗ ಗೊತ್ತಾ? 2020ರಲ್ಲಿ. ಆ ವರ್ಷ ನಾನು ಒಂದು ಸ್ಪರ್ಧೆಗೂ ಹೋಗಲಿಲ್ಲ, ಕಾರು ಸುಮ್ನೆ ಗ್ಯಾರೇಜ್‌ನಲ್ಲಿ ನಿಂತಿತ್ತು. ಹೊರಗೆ ತೆಗೆಯಲು ಹೋದರೆ ಕ್ಲಚ್ ಪ್ಲೇಟ್ ಫ್ಲೈವೀಲ್‌ಗೆ ಅಂಟಿಕೊಂಡಿತ್ತು. ಹಿಂದಿನ ಡ್ರಮ್ ಬ್ರೇಕ್‌ನ ಸಿಲಿಂಡರ್ ಹಿಡಿದುಕೊಂಡಿತ್ತು. ಟ್ಯಾಂಕ್‌ನಲ್ಲಿದ್ದ ಪೆಟ್ರೋಲ್ ವಾರ್ನಿಷ್ ವಾಸನೆ. ಗುಡ್ಡ ಹತ್ತಿಸಿ ಹಿಂಸೆ ಕೊಟ್ಟ ಯಾವ ವರ್ಷವೂ ಇಷ್ಟು ಖರ್ಚು ಬಂದಿರಲಿಲ್ಲ. ಹಾಗಾಗಿ "ಹಳೇ ಕಾರಿಗೆ ಯಾಕಪ್ಪಾ ಈ ಕಷ್ಟ" ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಸ್ಪರ್ಧೆ ಇದೆ ಅಂದರೆ ತಿಂಗಳಿಗೊಮ್ಮೆಯಾದರೂ ಕಾರಿನ ಕೆಳಗೆ ನುಸುಳುತ್ತೇವೆ, ಮುಂದಿನ ಚಕ್ರ ಹೊರಳುವ ಕೀಲಿಗೆ, ಅಂದರೆ ಕಿಂಗ್‌ಪಿನ್‌ಗೆ, ಗ್ರೀಸ್ ಬೀಳುತ್ತದೆ. ಮೇಲಾಗಿ ಪ್ರತಿ ಸಲ ಸ್ಪರ್ಧೆಯ ಕಾರು ತಪಾಸಿಗ, ಸ್ಕ್ರೂಟಿನಿಯರ್, ಕಣ್ಣು ಹಾಯಿಸುತ್ತಾನೆ. ಥ್ರಾಟಲ್‌ಗೆ ಸ್ಪ್ರಿಂಗ್ ಇದೆಯಾ, ಬ್ಯಾಟರಿಯ ಅರ್ಥ್ ವೈರ್‌ಗೆ ಹಳದಿ ಟೇಪ್ ಸುತ್ತಿದೆಯಾ, ಎಲ್ಲ ನೋಡುತ್ತಾನೆ. 40 ವರ್ಷ ದಾಟಿದ ಕಾರಿಗೆ ಇಲ್ಲಿ ವರ್ಷಕ್ಕೊಮ್ಮೆಯ ಎಂಒಟಿ ಸುರಕ್ಷತಾ ತಪಾಸಣೆ ಕಡ್ಡಾಯವಲ್ಲ. ಆದರೂ ನಾನು ಮಾಡಿಸುತ್ತೇನೆ.

ಓಡಿಸುವ ಸುಖ? ರಸ್ತೆಗೆ ಅಂಟಿಕೊಂಡು ಕೂರುತ್ತೀರಿ, ಕೈ ಚಾಚಿದರೆ ಡಾಂಬರು ಸಿಗುತ್ತದೆ. ಸ್ಟೇರಿಂಗ್‌ಗೆ ಯಾವ ಸಹಾಯವೂ ಇಲ್ಲ, ಬೇಕಾಗಿಯೂ ಇಲ್ಲ. ಎಸ್ ತಿರುವುಗಳ ಮೊದಲ ಬ್ರೇಕ್‌ಗೆ ಹಿಂಭಾಗ ಸ್ವಲ್ಪ ಜಾರಿದರೆ ಸೊಂಟಕ್ಕೇ ತಿಳಿಯುತ್ತದೆ. ಮೊದಲ ವರ್ಷ 43 ಸೆಕೆಂಡ್ ತಗೊಂಡೆ, ಹೋದ ಸೀಸನ್‌ನಲ್ಲಿ 39.8. ನನ್ನ ಮುಂದೆ ಹೋದ ಹೊಸ ಹ್ಯಾಚ್‌ಬ್ಯಾಕ್ ಹಾಡು ಕೇಳಿಕೊಂಡೇ ಅದಕ್ಕಿಂತ ಬೇಗ ಹತ್ತುತ್ತದೆ, ಬಿಡಿ.

ತಗೊಳ್ಳುವವರು ಮೊದಲು ಬಾಗಿಲ ಕೆಳಗಿನ ಸಿಲ್‌ಗಳನ್ನು ನೋಡಿ. ಎಂಜಿನ್ ರಿಪೇರಿ ಮನೆಯಲ್ಲೇ ಆಗುತ್ತದೆ, ತುಕ್ಕು ಹಿಡಿದ ಸಿಲ್ ಆಗುವುದಿಲ್ಲ. 2021ರ ಸೆಪ್ಟೆಂಬರ್‌ನಿಂದ ಇಲ್ಲಿನ ಸಾಮಾನ್ಯ ಪೆಟ್ರೋಲ್ ಇ10, ಅಂದರೆ ಶೇಕಡಾ 10ರವರೆಗೆ ಎಥನಾಲ್ ಬೆರೆತದ್ದು. ಅದು ಹಳೆಯ ರಬ್ಬರ್ ಪೈಪ್‌ಗಳನ್ನು ತಿನ್ನುತ್ತದೆ. ದುಬಾರಿಯಾದರೂ ಎಥನಾಲ್ ಕಡಿಮೆ ಇರುವ ಇ5 ಹಾಕಿ. ನೆಲದ ಮೇಲೆ ಎಣ್ಣೆ ಬಿದ್ದರೆ ಗಾಬರಿ ಬೇಡ, ಒಂದು ರಟ್ಟು ಹಾಸಿ. ಬೇಗ ಕೋಪ ಬರುವವರಾದರೆ ಮಾತ್ರ ಬೇಡ.

ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಐದು ಕೊಡೋಣ ಅಂದುಕೊಂಡಿದ್ದೆ. ಆದರೆ ಮೊನ್ನೆಯಿಂದ ಎರಡನೇ ಗೇರ್ ಹಾಕಿದರೆ ಕರಕರ ಎನ್ನುತ್ತಿದೆ. ಈ ಕಾರಿನಲ್ಲಿ ಗೇರ್‌ಬಾಕ್ಸ್ ತೆಗೆಯಬೇಕಾದರೆ ಎಂಜಿನ್ನೂ ಜೊತೆಗೇ ಹೊರಗೆ ಬರಬೇಕು. ಶನಿವಾರಕ್ಕೆ ಎಂಜಿನ್ ಎತ್ತುವ ಹಾಯಿಸ್ಟ್ ಬಾಡಿಗೆಗೆ ಹೇಳಿದ್ದೇನೆ. ಹೆಂಡತಿಗೆ ಇನ್ನೂ ಹೇಳಿಲ್ಲ.