ಏಳು ಶರತ್ಕಾಲ ತೊಟ್ಟ ಹ್ಯಾರಿಸ್ ಟ್ವೀಡ್ ಕೋಟು: ಹೊರಗೆ ಸೈ, ಒಳಗೆ ಸೆಕೆ

ವಸ್ತು: ಕಂದು ಬಣ್ಣದ, ಹೆರಿಂಗ್‌ಬೋನ್ (ಮೀನಿನ ಮುಳ್ಳಿನಂಥ ಓರೆ ಗೆರೆಯ) ನೇಯ್ಗೆಯ ಹ್ಯಾರಿಸ್ ಟ್ವೀಡ್ ಕೋಟು. ಟ್ವೀಡ್ ಎಂದರೆ ದಪ್ಪ, ಒರಟು ಉಣ್ಣೆ ಬಟ್ಟೆ. ಎರಡು ಗುಂಡಿ, ಬೆನ್ನಿಗೆ ಅರ್ಧ ಲೈನಿಂಗ್. ಬಳಕೆ: ಸ್ಕಾಟ್ಲೆಂಡಿನ ಎಡಿನ್‌ಬರಾದಲ್ಲಿ ಏಳು ವರ್ಷ, ಸೆಪ್ಟೆಂಬರ್ ನಡುವಿನಿಂದ ನವೆಂಬರ್ ಕೊನೆಯವರೆಗೆ, ವಾರಕ್ಕೆ ಮೂರು ದಿನ. ಲೆಕ್ಕ ಹಾಕಿದರೆ ಸುಮಾರು 230 ಸಲ ತೊಟ್ಟದ್ದು.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ದಿನಕ್ಕೆ ಅರ್ಧ ಗಂಟೆಯಾದರೂ ಕಾಲ್ನಡಿಗೆಯಲ್ಲಿ ಓಡಾಡುವವರಿಗೆ ಈ ಹವೆಯಲ್ಲಿ ಇದಕ್ಕಿಂತ ಒಳ್ಳೆಯ ಮೇಲುಡುಗೆ ಸಿಗುವುದು ಕಷ್ಟ. ಬಾಗಿಲಲ್ಲಿ ಬಸ್ಸು ಹತ್ತಿ ಆಫೀಸಿನ ಬಾಗಿಲಲ್ಲಿ ಇಳಿಯುವವರು ಮಾತ್ರ ದುಡ್ಡು ಉಳಿಸಿಕೊಳ್ಳಲಿ. ಒಲೆ ಉರಿಯುವ ಒಂದೇ ಕೋಣೆ ಬಿಟ್ಟರೆ ಮನೆಯೆಲ್ಲ ತಣ್ಣಗಿರುತ್ತಿದ್ದ ಕಾಲದ ಬಟ್ಟೆ ಇದು. ಇವತ್ತಿನ ಕಟ್ಟಡಗಳ ಒಳಗೆ 21 ಡಿಗ್ರಿ. ತಕರಾರೆಲ್ಲ ಶುರುವಾಗುವುದು ಅಲ್ಲಿಂದ.

ಹೆಸರಿನ ಬಗ್ಗೆ ಒಂದು ಮಾತು. ಟ್ವೀಡ್ ಎಂದದ್ದೆಲ್ಲ ಹ್ಯಾರಿಸ್ ಟ್ವೀಡ್ ಆಗುವುದಿಲ್ಲ. 1993ರ ಹ್ಯಾರಿಸ್ ಟ್ವೀಡ್ ಕಾಯ್ದೆಯ ಪ್ರಕಾರ ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲೇ ಉಣ್ಣೆಗೆ ಬಣ್ಣ ಹಾಕಿ, ನೂತು, ಅಲ್ಲಿಯ ನೇಕಾರರು ತಮ್ಮ ಮನೆಯಲ್ಲೇ ಕೈಮಗ್ಗದಲ್ಲಿ ನೇಯ್ದು, ಅಲ್ಲೇ ತೊಳೆದು ಮುಗಿಸಿದ ಬಟ್ಟೆಗೆ ಮಾತ್ರ ಆ ಹೆಸರು. ಮಗ್ಗಕ್ಕೆ ಕರೆಂಟಿಲ್ಲ, ಕಾಲಿನಿಂದ ತುಳಿಯಬೇಕು. ಹಳೆಯ ಹ್ಯಾಟರ್ಸ್ಲಿ ಮಗ್ಗದಲ್ಲಿ ಪನ್ನ (ಬಟ್ಟೆಯ ಅಗಲ) 75 ಸೆಂ.ಮೀ., 1990ರ ದಶಕದಲ್ಲಿ ಬಂದ ಹೊಸ ಮಗ್ಗದಲ್ಲಿ 150 ಸೆಂ.ಮೀ.

ನಮ್ಮವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಇದು ಕಾಲರ್ ಇಟ್ಟು ಹೊಲಿದ ಕಂಬಳಿ. ಮಲೆನಾಡಿನ ಗದ್ದೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ಮಳೆಯಲ್ಲಿ ಕೆಲಸ ಮಾಡುವುದಕ್ಕೂ ಇದಕ್ಕೂ ತತ್ತ್ವ ಒಂದೇ: ಒರಟು ಉಣ್ಣೆ, ಬಿಗಿ ನೇಯ್ಗೆ, ಒದ್ದೆಯಾದರೂ ಬೆಚ್ಚಗೆ. ವ್ಯತ್ಯಾಸವೂ ಇದೆ. ಚಳ್ಳಕೆರೆ ಕಡೆಯ ಕಂಬಳಿಗೆ ಬಿಗಿ ಬರುವುದು ಹುಣಸೆ ಬೀಜದ ಗಂಜಿಯಿಂದ. ಟ್ವೀಡಿಗೆ ಬರುವುದು ನೇಯ್ದ ಮೇಲೆ ಸೋಪು ನೀರಿನಲ್ಲಿ ಬಡಿದು ಒತ್ತಿ ಎಳೆಗಳನ್ನು ಒಂದಕ್ಕೊಂದು ಹೆಣೆಸುವುದರಿಂದ. ಬಣ್ಣವನ್ನೂ ನೂಲುವ ಮೊದಲೇ, ಬಿಡಿ ಉಣ್ಣೆಗೆ ಹಾಕಿರುತ್ತಾರೆ. ಆಮೇಲೆ ಹಲವು ಬಣ್ಣದ ಉಣ್ಣೆ ಬೆರೆಸಿ ನೂಲು ಎಳೆಯುತ್ತಾರೆ. ದೂರದಿಂದ ಬರೀ ಕಂದು ಎನಿಸುವ ಈ ತೋಳನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದರೆ ಒಂದೇ ಎಳೆಯಲ್ಲಿ ಇಟ್ಟಿಗೆ ಕೆಂಪು, ಸಾಸಿವೆ ಹಳದಿ, ಪಾಚಿ ಹಸಿರು, ಅಲ್ಲೊಂದು ಇಲ್ಲೊಂದು ನೀಲಿ ಕೂದಲು ಕಾಣುತ್ತವೆ. ಏಳು ವರ್ಷವಾದರೂ ಬಣ್ಣ ಮಾಸಿಲ್ಲ. ಚಹಾ ಚೆಲ್ಲಿದರೂ ಕಾಣದೆ ಹೋಗುವ ಬಟ್ಟೆ ಇನ್ನೊಂದಿಲ್ಲ.

ಚುಚ್ಚುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಚುಚ್ಚುತ್ತದೆ. ಕುತ್ತಿಗೆಯ ಹಿಂಭಾಗದಲ್ಲಿ, ಕಾಲರ್ ಇಲ್ಲದ ಟೀ ಶರ್ಟಿನ ಮೇಲೆ ಹಾಕಿದರಂತೂ ಖಂಡಿತ. ಶರ್ಟಿನ ಕಾಲರ್ ಕೋಟಿನ ಕಾಲರಿಗಿಂತ ಒಂದು ಸೆಂ.ಮೀ. ಮೇಲೆ ಬಂದರೆ ಸಮಸ್ಯೆ ಮುಗಿಯಿತು. ಅದು ಬಿಟ್ಟು ಉಣ್ಣೆ ಚುಚ್ಚಿತೆಂದು ದೂರುವುದು ಕಂಬಳಿಯಲ್ಲಿ ಉಂಡು ಕೂದಲು ಎಣಿಸಿದ ಹಾಗೆ.

ಇನ್ನು ಕೊಳ್ಳುವವರು ಎಡವುವ ಜಾಗ. ಒಳಜೇಬಿನ ಬಳಿ ಗೋಳ-ಶಿಲುಬೆ ಗುರುತಿನ ಲೇಬಲ್ ಹೊಲಿದಿರುತ್ತದೆ, ಅದರ ಮೇಲೆ ಒಂದು ಸಂಖ್ಯೆಯೂ ಇರುತ್ತದೆ. ಆ ಲೇಬಲ್ ಭರವಸೆ ಕೊಡುವುದು ಬಟ್ಟೆಗೆ, ಹೊಲಿಗೆಗೆ ಅಲ್ಲ. ಅದೇ ಬಟ್ಟೆಯನ್ನು ಎಲ್ಲಿ ಬೇಕಾದರೂ, ಹೇಗೆ ಬೇಕಾದರೂ ಹೊಲಿಯಬಹುದು. ಎದೆಭಾಗಕ್ಕೆ ಕ್ಯಾನ್ವಾಸ್ (ಆಕಾರ ಕೊಡುವ ಒಳಪದರ) ಹಾಕಿ ಟಾಕಿದ ಕೋಟು ಮೈಗೆ ಒಗ್ಗುತ್ತ ಹೋಗುತ್ತದೆ; ಅಂಟು ಪದರ ಇಸ್ತ್ರಿ ಮಾಡಿ ಕೂರಿಸಿದ್ದು ನಾಲ್ಕಾರು ಸಲ ಮಳೆಗೆ ಸಿಕ್ಕಿ ಡ್ರೈಕ್ಲೀನ್ ಕಂಡ ಮೇಲೆ ಎದೆಯ ಮೇಲೆ ಹಪ್ಪಳದ ಹಾಗೆ ಗುಳ್ಳೆ ಏಳಬಹುದು. ಎದ್ದರೆ ರಿಪೇರಿ ಇಲ್ಲ. ಅಂಗಡಿಯಲ್ಲೇ ಪರೀಕ್ಷೆ ಮಾಡಿ: ಕೆಳಗಿನ ಕಾಜದಿಂದ ಮೂರು ಬೆರಳು ಕೆಳಗೆ ಬಟ್ಟೆಯನ್ನು ಎರಡೂ ಕಡೆಯಿಂದ ಚಿವುಟಿ ಹಿಡಿದು ಬೇರೆ ಮಾಡಿ. ಹೊರಬಟ್ಟೆ, ಒಳಬಟ್ಟೆ, ನಡುವೆ ಜಾರುವ ಮೂರನೆಯ ಪದರ ಬೆರಳಿಗೆ ಸಿಕ್ಕಿದರೆ ಕ್ಯಾನ್ವಾಸ್. ಎರಡೇ ಸಿಕ್ಕು ಹೊರಬಟ್ಟೆ ರಟ್ಟಿನಂತೆ ಬಿರುಸಾಗಿದ್ದರೆ ಆ ಭಾಗಕ್ಕಾದರೂ ಅಂಟು. ಟ್ವೀಡ್ ದಪ್ಪವಿರುವುದರಿಂದ ಮೊದಲ ಸಲಕ್ಕೆ ಗೊತ್ತಾಗುವುದಿಲ್ಲ, ಎರಡು ಮೂರು ಕೋಟು ಚಿವುಟಿ ನೋಡಬೇಕು.

ಅಳತೆಯಲ್ಲಿ ಭುಜ ಒಂದನ್ನು ಬಿಟ್ಟುಕೊಡಬೇಡಿ. ತೋಳು ಗಿಡ್ಡ ಮಾಡಬಹುದು, ಸೊಂಟ ಒಳಗೆ ತೆಗೆಯಬಹುದು, ಭುಜ ಬಿಚ್ಚಿದರೆ ಖರ್ಚು ಕೋಟಿನ ಬೆಲೆಗೆ ಹತ್ತಿರ ಹೋಗುತ್ತದೆ. ತೆಳು ಸ್ವೆಟರ್ ಒಳಗೆ ಹಾಕಿಕೊಂಡೇ ತೊಟ್ಟು ನೋಡಿ, ಗುಂಡಿ ಹಾಕಿದಾಗ ಎದೆಯ ಮೇಲೆ ಮುಷ್ಟಿ ಹೋಗುವಷ್ಟು ಸಡಿಲವಿರಲಿ.

ತೂಕ? ಸಾಮಾನ್ಯ ಹ್ಯಾರಿಸ್ ಟ್ವೀಡ್ 150 ಸೆಂ.ಮೀ. ಪನ್ನಕ್ಕೆ ಮೀಟರಿಗೆ 470-500 ಗ್ರಾಂ ತೂಗುತ್ತದೆ. ಬೆಂಗಳೂರಿನಲ್ಲಿ ಮದುವೆಗೆ ಹೊಲಿಸುವ ಸೂಟಿನ ಬಟ್ಟೆ 240-260 ಗ್ರಾಂ ಇರುತ್ತದೆ, ಇದು ಸುಮಾರು ಅದರ ಎರಡರಷ್ಟು. ಕೋಟು ಒಂದು ಕೆ.ಜಿ. ದಾಟುತ್ತದೆ. ಎಡಿನ್‌ಬರಾದಲ್ಲಿ ಸೆಪ್ಟೆಂಬರ್ ಹಗಲು 16-17 ಡಿಗ್ರಿ, ನವೆಂಬರ್‌ಗೆ 9ರ ಆಸುಪಾಸು. 14ರಿಂದ 7 ಡಿಗ್ರಿಯವರೆಗೆ ಶರ್ಟಿನ ಮೇಲೆ ಈ ಕೋಟು ಒಂದೇ ಸಾಕು. ಗಾಳಿ ಬೀಸಿದರೆ ಮಾತ್ರ ಕೊರಳಿಗೆ ಮಫ್ಲರ್ ಬೇಕು, ಏಕೆಂದರೆ ಎದೆಯ ತೆರವು ದೊಡ್ಡದು. ನಮ್ಮ ಕಾವ್ಯದ ಶರದೃತು ಎಂದರೆ ತಿಳಿಯಾದ ಆಕಾಶ, ಬೆಳದಿಂಗಳು. ಇಲ್ಲಿಯದು ಅಡ್ಡ ಬೀಸುವ ಜಿಟಿಜಿಟಿ ಮಳೆ, ಕಾಲಡಿ ಕೊಳೆತ ಎಲೆ. ಆ ಜಿಟಿಜಿಟಿಗೆ ಟ್ವೀಡ್ ಹದವಾಗಿ ಒದಗುತ್ತದೆ: ಹನಿಗಳು ಮೇಲಿನ ಕೂದಲಿನ ಮೇಲೆ ಮಣಿಯಂತೆ ಕೂರುತ್ತವೆ, ಒಳಗೆ ಬಂದು ಕೊಡವಿದರೆ ಉದುರುತ್ತವೆ. ಇಪ್ಪತ್ತು ನಿಮಿಷದವರೆಗೆ ಹೀಗೆ. ಜೋರು ಮಳೆಯಲ್ಲಿ ಅರ್ಧ ಗಂಟೆ ನಿಂತರೆ ಭುಜ ನೆಂದು ಕೋಟು ಭಾರವಾಗಿ, ಕುರಿದೊಡ್ಡಿಯ ವಾಸನೆ ಬರುತ್ತದೆ.

ಒಳಗಿನ ಕಥೆ ಬೇರೆ. ಬಸ್ಸಿನಲ್ಲಿ ಐದನೆಯ ನಿಮಿಷಕ್ಕೆ ಬೆನ್ನಲ್ಲಿ ಬೆವರು. ಆಫೀಸಿನಲ್ಲಿ ತೆಗೆಯಲೇಬೇಕು, ತೆಗೆದು ಕುರ್ಚಿಯ ಬೆನ್ನಿಗೆ ನೇತುಹಾಕಿದರೆ ಕುರ್ಚಿಯ ಮೂಲೆಗಳು ಭುಜದ ಕೆಳಗೆ ಎರಡು ಮೊಟಕು ಕೊಂಬು ಮೂಡಿಸುತ್ತವೆ. ಮೇಜಿನ ಬಳಿ ಒಂದು ಅಗಲ ಭುಜದ ಹ್ಯಾಂಗರ್ ಇಟ್ಟುಕೊಳ್ಳುವುದೇ ದಾರಿ. ಒಳಗೆ ಸ್ವೆಟರ್ ಬದಲು ತೋಳಿಲ್ಲದ ಸ್ವೆಟರ್ ಹಾಕಿದರೆ ಕಂಕುಳು ಉಸಿರಾಡುತ್ತದೆ. ಪೂರ್ತಿ ಪಾಲಿಯೆಸ್ಟರ್ ಲೈನಿಂಗ್ ಇರುವ ಟ್ವೀಡ್ ಕೋಟನ್ನಂತೂ ಪುಕ್ಕಟೆ ಕೊಟ್ಟರೂ ಬೇಡ, ಉಣ್ಣೆ ಹೀರಬೇಕಾದ ಬೆವರನ್ನು ಅದು ಮೈಗೇ ತಿರುಗಿಸುತ್ತದೆ.

ಏನು ಹಾಳಾಯಿತು ಎನ್ನುವುದನ್ನು ಅನುಕ್ರಮವಾಗಿ ಹೇಳಬಹುದು. ಮೊದಲು ಗುಂಡಿ. ಕಾಲ್ಚೆಂಡಿನಂತೆ ಹೆಣೆದ ಚರ್ಮದ ಗುಂಡಿಗಳು ನೋಡಲು ಚೆಂದ, ಎರಡನೆಯ ವರ್ಷಕ್ಕೆ ಮಳೆ ಕುಡಿದು ಮೇಲಿನ ಪದರ ಸುಲಿಯಿತು. ಕೊಂಬಿನ ಗುಂಡಿಗೆ ಬದಲಿಸಿ. ಹೊಲಿಯುವಾಗ ಗುಂಡಿಗೂ ಬಟ್ಟೆಗೂ ನಡುವೆ ಬೆಂಕಿಕಡ್ಡಿ ಇಟ್ಟು, ಆಮೇಲೆ ಕಡ್ಡಿ ಎಳೆದು, ಉಳಿದ ದಾರವನ್ನು ಬುಡಕ್ಕೆ ಸುತ್ತಿ 3-4 ಮಿ.ಮೀ. ಕಾಂಡ ಮಾಡಬೇಕು. ಬಟ್ಟೆಗೆ ಅಂಟಿಸಿ ಹೊಲಿದರೆ ಇಷ್ಟು ದಪ್ಪದ ಬಟ್ಟೆ ಕಾಜದಲ್ಲಿ ಕೂರದೆ ಎದೆಯ ಮೇಲೆ ಸುಕ್ಕು ಬೀಳುತ್ತದೆ.

ಎರಡನೆಯದು ಬಲಭುಜ, ಕಾರಣ ಬ್ಯಾಕ್‌ಪ್ಯಾಕ್. ಲ್ಯಾಪ್‌ಟಾಪ್ ಸೇರಿ ಮೂರು ಕೆ.ಜಿ. ಚೀಲದ ನೈಲಾನ್ ಪಟ್ಟಿ ಪ್ರತಿ ಹೆಜ್ಜೆಗೂ ಉಣ್ಣೆಯನ್ನು ಉಜ್ಜುತ್ತದೆ. ಮೊದಲು ಗಂಟುಗಂಟಾಗುತ್ತದೆ, ಆಮೇಲೆ ಎಳೆಗಳು ಒತ್ತಿಕೊಂಡು ಹೆರಿಂಗ್‌ಬೋನ್ ಗೆರೆಗಳೇ ಅಳಿಸಿ ನಯವಾದ ಪಟ್ಟೆಯೊಂದು ಉಳಿಯುತ್ತದೆ. ಗಂಟನ್ನು ಕತ್ತರಿಯಿಂದ ತೆಗೆಯಬಹುದು, ಪಟ್ಟೆಯನ್ನು ಸರಿಮಾಡಲಾಗದು. ಮೂರನೆಯ ವರ್ಷದಿಂದ ಕೈಚೀಲಕ್ಕೆ ಬದಲಿಸಿದ ಮೇಲೆ ಅದು ಬೆಳೆದಿಲ್ಲ. ಇವತ್ತಿನ ಬದುಕಿಗೂ ಈ ಕೋಟಿಗೂ ಇರುವ ನಿಜವಾದ ಜಗಳ ಇದೇ ಎಂದು ನನ್ನ ಅಭಿಪ್ರಾಯ. ಬ್ಯಾಕ್‌ಪ್ಯಾಕ್ ಬಿಡಲಾರದವರು ಟ್ವೀಡ್ ಬಿಡಬೇಕು.

ಮೂರನೆಯದು ಕಂಕುಳಿನ ಲೈನಿಂಗ್, ನಾಲ್ಕನೆಯ ವರ್ಷ ಹರಿಯಿತು. ಲೈನಿಂಗ್ ವಿಸ್ಕೋಸಿನದು; ಆ ಎಳೆ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. ಬೆವರಿದ ತೋಳನ್ನು ಮೇಲೆತ್ತಿ ಬಸ್ಸಿನ ಕಂಬಿ ಹಿಡಿದರೆ ಹೊಲಿಗೆಯ ಪಕ್ಕದಲ್ಲೇ ಸೀಳುತ್ತದೆ. ಸೀಳನ್ನು ಹೊಲಿದರೆ ಇನ್ನೊಂದು ಪಕ್ಕದಲ್ಲಿ ಹರಿಯುತ್ತದೆ. ಬಾದಾಮಿ ಆಕಾರದ ತುಂಡು ಇಟ್ಟು ಹೊಲಿಸಿದ್ದು ಮೂರು ವರ್ಷ ಬಂದಿದೆ. ಪೂರ್ತಿ ಲೈನಿಂಗ್ ಬದಲಿಸಲು ಇಲ್ಲಿ ಕೇಳುವ ಕೂಲಿಗೆ ಹಳೆಯ ಟ್ವೀಡ್ ಕೋಟೇ ಒಂದೆರಡು ಬರುತ್ತವೆ.

ಮೊಣಕೈ ಇನ್ನೂ ಗಟ್ಟಿ. ಹೊಸ ಕೋಟಿಗೇ ಚರ್ಮದ ತೇಪೆ ಹಾಕಿ ಮಾರುವುದು ಶೋಕಿ. ಬಿರುಸು ಚರ್ಮದ ಅಂಚು ಸುತ್ತಲಿನ ಬಟ್ಟೆಯನ್ನೇ ಸವೆಸುತ್ತದೆ. ಸವೆದ ಮೇಲೆ ಮೆತ್ತನೆಯ ಸ್ವೇಡ್ ಚರ್ಮ ಹಾಕಿಸಿದರಾಯಿತು.

ಆರೈಕೆ ಕಡಿಮೆ, ಆದರೆ ತಪ್ಪಿಸುವಂತಿಲ್ಲ. ತೆಗೆದ ಕೂಡಲೇ ಕುದುರೆ ಕೂದಲಿನ ಬ್ರಷ್‌ನಿಂದ ಮೇಲಿನಿಂದ ಕೆಳಗೆ ಎರಡು ನಿಮಿಷ, ಜೇಬು ಖಾಲಿ ಮಾಡಿ ಹ್ಯಾಂಗರ್‌ಗೆ, ಮಾರನೆಯ ದಿನ ಮುಟ್ಟಬಾರದು. ಒದ್ದೆಯಾಗಿದ್ದರೆ ಹೀಟರಿನಿಂದ ದೂರ. ಕೆಸರು ಒಣಗಿದ ಮೇಲೆ ಬ್ರಷ್, ಹಸಿಯಲ್ಲಿ ಒರೆಸಿದರೆ ಎಳೆಯೊಳಗೆ ಇಳಿಯುತ್ತದೆ. ಇಸ್ತ್ರಿಯನ್ನು ನೇರವಾಗಿ ಇಡಲೇಬಾರದು, ಒದ್ದೆ ಕಾಟನ್ ಬಟ್ಟೆ ಮೇಲಿಟ್ಟು ಆವಿ ಕೊಡಿ. ನೇರ ಕಾವು ಬಿದ್ದರೆ ಎಳೆ ಚಪ್ಪಟೆಯಾಗಿ ಹೊಳಪು ಬರುತ್ತದೆ. ಡ್ರೈಕ್ಲೀನ್ ವರ್ಷಕ್ಕೆ ಒಂದೇ ಸಲ, ಎತ್ತಿಡುವ ಮೊದಲು.

ಆ ಒಂದು ಸಲವೂ ನುಸಿಗಾಗಿ. ಉಣ್ಣೆ ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳ. ಅದಕ್ಕೆ ಬೆವರು, ಎಣ್ಣೆ ಕಲೆ ಇರುವ ಜಾಗವೇ ಪ್ರೀತಿ: ಕಾಲರಿನ ಅಡಿ, ಜೇಬಿನ ಮುಚ್ಚಳದ ಒಳಗೆ, ಕಂಕುಳು. ಹೀಟರ್ ಇರುವ ಮನೆಯಲ್ಲಿ ಅದಕ್ಕೆ ಚಳಿಗಾಲವೇ ಇಲ್ಲ, ವರ್ಷವಿಡೀ ಸಂಸಾರ. ಅನುಮಾನ ಬಂದರೆ ಕೋಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹಿಂಡಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆಯ ಉಣ್ಣೆಯ ಮೇಲೆ ನೀರು ಕೂರುತ್ತದೆ. ದೇವದಾರು ಉಂಡೆ, ನಮ್ಮ ಕಡೆಯ ಬಜೆ ಬೇರು, ಡಾಂಬರ್ ಗುಳಿಗೆ ಇವುಗಳನ್ನೇ ನಂಬಿ ಕೂರಬೇಡಿ. ವಾಸನೆ ಆರಿದ ದಿನ ಕಾವಲು ಮುಗಿಯಿತು. ಗಾಳಿಯಾಡದಂತೆ ಮುಚ್ಚಿದ ಚೀಲವೇ ಗಟ್ಟಿ ಕಾವಲು.

ಜೊತೆಗೆ ಏನು? ಬೂದು ಫ್ಲ್ಯಾನೆಲ್ ಪ್ಯಾಂಟು ಅಥವಾ ಕಡು ಬಣ್ಣದ ಕಾರ್ಡ್ರಾಯ್. ಜೀನ್ಸ್ ನಡೆಯುತ್ತದೆ, ಕಡುನೀಲಿ ಆಗಿದ್ದು ಹರಿದಿಲ್ಲದಿದ್ದರೆ. ಅದೇ ಟ್ವೀಡಿನ ಪ್ಯಾಂಟು ಮಾತ್ರ ಬೇಡ, ನಡೆಯುವಾಗ ತೊಡೆ ತೊಡೆ ಉಜ್ಜಿ ಕೋಟಿಗಿಂತ ಬಹಳ ಮೊದಲೇ ಸವೆಯುತ್ತದೆ. ಜೋರು ಮಳೆಗೆ ಮೇಲೊಂದು ಮೇಣ ಹಾಕಿದ ಕಾಟನ್ ಜಾಕೆಟ್ ಕೊಳ್ಳುವುದಾದರೆ ಉದ್ದ ನೋಡಿ ಕೊಳ್ಳಿ. ಗಿಡ್ಡನೆಯದರ ಕೆಳಗೆ ಕೋಟಿನ ಬಾಲ ಇಣುಕಿ, ನೆನೆಯುವುದೂ ಅದೇ. ಮೇಣ ಬಸ್ಸಿನ ಸೀಟಿಗೂ ಪಕ್ಕದವರ ಬಟ್ಟೆಗೂ ಅಂಟುತ್ತದೆ ಎನ್ನುವುದು ನೆನಪಿರಲಿ.

ಬೆಂಗಳೂರಿಗೆ? ಡಿಸೆಂಬರ್ ಮುಂಜಾನೆ 15-16 ಡಿಗ್ರಿ, ಮಧ್ಯಾಹ್ನ 27. ಬೆಳಿಗ್ಗೆ ಎರಡು ಗಂಟೆ ತೊಟ್ಟು ದಿನವಿಡೀ ಕೈಯಲ್ಲಿ ಹೊರಬೇಕು. ಮಡಿಕೇರಿ, ಚಿಕ್ಕಮಗಳೂರಿನ ಮಳೆಗಾಲದ ಚಳಿಗೆ ಹೊಂದೀತು, ಆದರೆ ಅಲ್ಲಿ ಕಪಾಟಿನೊಳಗೆ ಬೂಷ್ಟು ಹಿಡಿಯುವುದು ನುಸಿಗಿಂತ ಮೊದಲು. ಊರಲ್ಲೇ ಹೊಲಿಸುವ ಆಸೆ ಇದ್ದರೆ 260-280 ಗ್ರಾಂ ಉಣ್ಣೆ ಫ್ಲ್ಯಾನೆಲ್ ತೆಗೆದುಕೊಂಡು ಲೈನಿಂಗ್ ಇಲ್ಲದೆ ಹೊಲಿಸಿ. ಯಾರಾದರೂ ಟ್ವೀಡ್ ಬಟ್ಟೆಯನ್ನೇ ತಂದುಕೊಟ್ಟರೆ 150 ಸೆಂ.ಮೀ. ಪನ್ನದ್ದು ಎರಡು ಮೀಟರ್ ಬೇಕು, ಚೌಕಳಿ ಇದ್ದರೆ ಗೆರೆ ಕೂಡಿಸಲು ಇನ್ನೊಂದು ಕಾಲು ಮೀಟರ್. ಟೈಲರಿಗೆ ಎರಡು ಮಾತು ಹೇಳಿ: ಕತ್ತರಿಸಿದ ಅಂಚು ಬೇಗ ಬಿಚ್ಚುತ್ತದೆ, ಹೊಲಿಗೆಗೆ ಧಾರಾಳ ಬಟ್ಟೆ ಬಿಡಬೇಕು, ಇಸ್ತ್ರಿ ಪೆಟ್ಟಿಗೆ ನೇರ ತಾಗಕೂಡದು. ಇಲ್ಲಿಗೆ ಓದಲು ಬರುವ ಹುಡುಗರು ಊರಲ್ಲಿ ಕೋಟು ಹೊಲಿಸಿ ಸೂಟ್‌ಕೇಸಿನ ತೂಕ ಹೆಚ್ಚಿಸಿಕೊಳ್ಳುವುದು ಬೇಡ. ಹೊಸದಕ್ಕೆ ಸಾಮಾನ್ಯವಾಗಿ 250 ಪೌಂಡಿಗಿಂತ ಮೇಲೆ, ದಾನ ಬಂದ ಹಳೆಯ ಸಾಮಾನು ಮಾರುವ ಚಾರಿಟಿ ಅಂಗಡಿಗಳಲ್ಲಿ ಹಳೆಯದು ಅದರ ಸಣ್ಣ ಪಾಲಿಗೆ ಸಿಗುತ್ತದೆ. ಕೊಂಡ ದಿನವೇ ಫ್ರೀಜರಿಗೆ ಹಾಕುವುದು ಮರೆಯಬೇಡಿ.

ಈಗಿನ ಸ್ಥಿತಿ: ಬಟ್ಟೆ ಹೊಸದರಷ್ಟೇ ಬಿಗಿ, ಬಲಭುಜದ ಪಟ್ಟೆ ಹಾಗೇ ಇದೆ, ಎಡಜೇಬಿನ ಮೂಲೆ ಒಂದು ಸಲ ರಫು ಆಗಿದೆ, ಎರಡೂ ತೋಳಿನ ತುದಿಯಂಚಿನಲ್ಲಿ ಎಳೆ ಬಿಚ್ಚಲು ಶುರುವಾಗಿದೆ. ಮುಂದಿನ ಸೆಪ್ಟೆಂಬರ್‌ಗೆ ಮೊದಲು ಆ ಅಂಚಿಗೆ ಅರ್ಧ ಸೆಂ.ಮೀ. ಅಗಲದ ತೆಳು ಚರ್ಮದ ಪಟ್ಟಿ ಕಟ್ಟಿಸಬೇಕು. ತೋಳು ಗಿಡ್ಡ ಮಾಡಿಸದೆ ಸವೆತ ನಿಲ್ಲಿಸಲು ಇರುವ ಉಪಾಯ ಅದೊಂದೇ.