ವಿಎ ಲೋನ್ ತಗೊಳ್ತಿರೋ ಡಿಸೇಬಲ್ಡ್ ವೆಟರನ್‌ಗಳು, ಫಂಡಿಂಗ್ ಫೀ ಇರೋ ಪೇಪರ್‌ಗೆ ಸೈನ್ ಹಾಕೋಕ್ಮುಂಚೆ ಇದನ್ನ ಓದಿ

ಅಮೆರಿಕದ ಮಿಲಿಟರೀಲಿ ಕೆಲಸ ಮಾಡಿ ಬಂದಿರೋ ಕನ್ನಡದವರು ಜಾಸ್ತಿ ಇಲ್ಲದಿದ್ರೂ ಇದ್ದಾರೆ, ಅವರಿಗೆ ಮತ್ತೆ ಅವರ ಮನೆಯವರಿಗೆ ಈ ಬರಹ. ವಿಷಯ ಇಷ್ಟೇ: ಸರ್ವೀಸಲ್ಲಿ ಆದ ತೊಂದರೆಗೆ ವಿಎ (ಅಮೆರಿಕದ ಮಾಜಿ ಸೈನಿಕರ ಇಲಾಖೆ) ಇಂದ ತಿಂಗಳು ತಿಂಗಳು ಡಿಸೆಬಿಲಿಟಿ ಕಾಂಪೆನ್ಸೇಷನ್ (ಪರಿಹಾರದ ದುಡ್ಡು) ಬರ್ತಿದ್ರೆ ವಿಎ ಹೋಮ್ ಲೋನಿಗೆ ಫಂಡಿಂಗ್ ಫೀ ಒಂದು ಡಾಲರೂ ಕಟ್ಟೋ ಹಾಗಿಲ್ಲ. ಪೂರ್ತಿ ಮಾಫಿ. ಲೋನ್ ಆಫೀಸರ್ ಏನಾದ್ರೂ "ಈಗ ಸೈನ್ ಮಾಡ್ಬಿಡಿ, ಆಮೇಲೆ ತಾನಾಗೇ ರೀಫಂಡ್ ಬರತ್ತೆ" ಅಂತ ಹೇಳಿದ್ರೆ ಅಲ್ಲೇ ನಿಲ್ಲಿಸಿ. ನಮಗೂ ಹೀಗೇ ಹೇಳಿದ್ರು, ತಾನಾಗೇ ಏನೂ ಬರಲಿಲ್ಲ.

ಗೊತ್ತಿಲ್ಲದೋರಿಗೆ ಸ್ವಲ್ಪ ಹೇಳ್ಬಿಡ್ತೀನಿ, ವಿಎ ಲೋನ್ ಅಂದ್ರೆ ಸರ್ಕಾರ ದುಡ್ಡು ಕೊಡೋದಲ್ಲ, ದುಡ್ಡು ಬ್ಯಾಂಕಿಂದೇ, ಅದರಲ್ಲಿ ಒಂದು ಭಾಗಕ್ಕೆ ಸರ್ಕಾರ ಗ್ಯಾರಂಟಿ ನಿಲ್ಲತ್ತೆ. 1944ರ ಜಿಐ ಬಿಲ್‌ನಿಂದ ನಡ್ಕೊಂಡು ಬಂದಿರೋ ಸ್ಕೀಮ್. ಡೌನ್ ಪೇಮೆಂಟ್ ಇಲ್ದೇನೂ ಮನೆ ತಗೋಬಹುದು, ಪಿಎಂಐ ಅಂತ ತಿಂಗಳಾ ತಿಂಗಳಾ ಕಟ್ಟೋ ಇನ್ಶೂರೆನ್ಸೂ ಇಲ್ಲ. ಅದರ ಬದಲು ಒಂದೇ ಸಲ ಫಂಡಿಂಗ್ ಫೀ ಅಂತ ತಗೋತಾರೆ. ಏಪ್ರಿಲ್ 2023ರಿಂದ ಮೊದಲನೇ ಸಲ ಲೋನ್ ತಗೊಳ್ಳೋರಿಗೆ, ಡೌನ್ ಪೇಮೆಂಟ್ ಇಲ್ಲದಿದ್ರೆ, 2.15%. ಎರಡನೇ ಸಲಕ್ಕೆ 3.3%. 5% ಡೌನ್ ಕೊಟ್ರೆ 1.5%, 10% ಕೊಟ್ರೆ 1.25%. ಪರ್ಸೆಂಟೇಜಲ್ಲಿ ನೋಡಿದ್ರೆ ಸಣ್ಣದು ಅನ್ಸತ್ತೆ. ನಮ್ಮ ಲೋನ್ 3,80,000 ಡಾಲರ್, ಅದರ 2.15% ಅಂದ್ರೆ 8,170 ಡಾಲರ್.

ಮತ್ತೆ ಈ ಫೀನ ಕೈಯಿಂದ ಯಾರೂ ಕೇಳಲ್ಲ ನೋಡಿ, ಲೋನಿಗೇ ಸೇರಿಸ್ಬಿಡ್ತಾರೆ, ಅದಕ್ಕೇ ಯಾರಿಗೂ ಕಣ್ಣಿಗೆ ಬೀಳಲ್ಲ. 6.5% ಬಡ್ಡೀಲಿ 30 ವರ್ಷ ಲೆಕ್ಕ ಹಾಕಿದ್ರೆ ಆ 8,170ಕ್ಕೆ ತಿಂಗಳಿಗೆ ಸುಮಾರು 52 ಡಾಲರ್ ಹೆಚ್ಚು, ಕೊನೆಗೆ ಒಟ್ಟು 18,500 ದಾಟತ್ತೆ. ಕಟ್ಟಲೇಬೇಕಿಲ್ಲದ ಫೀಗೆ.

ನಮ್ಮನೆಯವರು ಆರ್ಮೀಲಿ ಇದ್ರು, ಬೆನ್ನು ಮತ್ತೆ ಮಂಡಿ ಎರಡೂ ಹೋಗಿದೆ. ಡಿಸ್ಚಾರ್ಜ್ ಆಗೋಕ್ಮುಂಚೇನೇ ಬಿಡಿಡಿ, ಅಂದ್ರೆ ಬೆನಿಫಿಟ್ಸ್ ಡೆಲಿವರಿ ಅಟ್ ಡಿಸ್ಚಾರ್ಜ್, ಅನ್ನೋ ಪ್ರೋಗ್ರಾಂ ಅಡಿ ಕ್ಲೇಮ್ ಹಾಕಿದ್ರು (ಸರ್ವೀಸ್ ಮುಗಿಯೋಕೆ 180ರಿಂದ 90 ದಿನ ಇರೋವಾಗ ಹಾಕ್ಬೇಕು ಅದನ್ನ, ಇನ್ನೂ ಯೂನಿಫಾರ್ಮಲ್ಲಿ ಇರೋರು ದಯವಿಟ್ಟು ತಪ್ಪಿಸ್ಕೋಬೇಡಿ). ಅದೇ ಟೈಮಲ್ಲಿ ಮನೆ ಹುಡುಕ್ತಾ ಇದ್ವಿ, ಲೆಂಡರ್ ಪ್ರೀ ಅಪ್ರೂವಲ್‌ಗೆ ಅಂತ ಸಿಒಇ ತೆಗೆದ. ಸರ್ಟಿಫಿಕೇಟ್ ಆಫ್ ಎಲಿಜಿಬಿಲಿಟಿ, ಇಡೀ ಲೋನಿಗೆ ಅದೇ ಆಧಾರ. ಅದರಲ್ಲಿ ಫಂಡಿಂಗ್ ಫೀ ಅನ್ನೋ ಕಡೆ "ನಾನ್ ಎಕ್ಸೆಂಪ್ಟ್" (ಮಾಫಿ ಇಲ್ಲ) ಅಂತಿತ್ತು, ಆವತ್ತಿಗೆ ಅದು ಸರೀನೇ, ಎಷ್ಟು ಪರ್ಸೆಂಟ್ ಡಿಸೆಬಿಲಿಟಿ ಅಂತ ವಿಎ ಕೊಡೋ ರೇಟಿಂಗ್ ಇನ್ನೂ ಬಂದಿರಲಿಲ್ಲ. ಆಮೇಲೆ ಡಿಸ್ಚಾರ್ಜ್ ಆಯ್ತು, ಮನೆ ಕಾಂಟ್ರ್ಯಾಕ್ಟ್ ಆಯ್ತು, ಕ್ಲೋಸಿಂಗಿಗೆ (ಕೊನೇ ಸೈನ್ ಹಾಕಿ ಮನೆ, ಲೋನ್ ಎರಡೂ ಪಕ್ಕಾ ಆಗೋ ದಿನ) ಇನ್ನೂ ಟೈಮ್ ಇರೋವಾಗ್ಲೇ ರೇಟಿಂಗ್ ಲೆಟರೂ ಬಂತು, ಕಾಂಪೆನ್ಸೇಷನ್ ಡಿಸ್ಚಾರ್ಜ್ ಆದ ಮಾರನೇ ದಿನದಿಂದ ಅಂತ ಅದರಲ್ಲಿ ಸ್ಪಷ್ಟವಾಗಿತ್ತು. ನಾನೇ ಅದನ್ನ ಸ್ಕ್ಯಾನ್ ಮಾಡಿ ಲೋನ್ ಆಫೀಸರ್‌ಗೆ ಕಳಿಸ್ದೆ. "ಥ್ಯಾಂಕ್ಸ್, ಫೈಲಿಗೆ ಸೇರಿಸ್ತೀನಿ" ಅಂತ ಉತ್ತರಾನೂ ಬಂತು.

ಕ್ಲೋಸಿಂಗಿಗೆ ಕನಿಷ್ಠ 3 ಬಿಸಿನೆಸ್ ದಿನ ಮುಂಚೆ ಕ್ಲೋಸಿಂಗ್ ಡಿಸ್‌ಕ್ಲೋಷರ್ (ಲೋನಿನ ಖರ್ಚೆಲ್ಲ ಪಟ್ಟಿ ಮಾಡಿರೋ ಪೇಪರ್) ಕೊಡ್ಲೇಬೇಕು ಅಂತ ಇಲ್ಲಿನ ಕಾನೂನು. ಬಂತು. ತೆಗೆದು ನೋಡಿದ್ರೆ 2ನೇ ಪುಟದಲ್ಲಿ ಫಂಡಿಂಗ್ ಫೀ ಹಾಗೇ ಕೂತಿದೆ. ಫೋನ್ ಮಾಡಿದ್ರೆ ಆಯಪ್ಪ ಏನಂದ ಗೊತ್ತಾ, ಅಂಡರ್‌ರೈಟಿಂಗ್ (ಲೋನ್ ಪರಿಶೀಲನೆ) ಮುಗಿದಿದೆ, ಈಗ ಸಿಒಇ ಮುಟ್ಟಿದ್ರೆ ಕ್ಲೋಸಿಂಗ್ ಮುಂದಕ್ಕೆ ಹೋಗತ್ತೆ, ರೇಟ್ ಲಾಕ್ (ಹಿಡಿದಿಟ್ಟಿರೋ ಬಡ್ಡಿ ದರ) ಹೋಗತ್ತೆ, ಸೆಲ್ಲರ್ ಕೈಕೊಟ್ರೆ ನಾನು ಜವಾಬ್ದಾರ ಅಲ್ಲ, ಹೆಂಗೂ ವಿಎ ಸಿಸ್ಟಮಿಗೆ ಇವರು ಡಿಸೇಬಲ್ಡ್ ಅಂತ ಗೊತ್ತಿರತ್ತೆ, ದುಡ್ಡು ತಾನಾಗೇ ವಾಪಸ್ ಬರತ್ತೆ ಅಂತ. ಬಾಡಿಗೆ ಮನೆ ಲೀಸ್ ಮುಗೀತಾ ಇತ್ತು, ಸಾಮಾನೆಲ್ಲ ಪ್ಯಾಕ್ ಆಗಿತ್ತು, ಅದು ಅವನಿಗೂ ಗೊತ್ತಿತ್ತು. ಆಮೇಲೆ ತಿಳಿದಿದ್ದು, ಹೊಸ ಸಿಒಇ ಲೆಂಡರ್ ವಿಎ ಪೋರ್ಟಲಲ್ಲೇ ತೆಗೀಬಹುದು, ಎಷ್ಟೋ ಸಲ ನಿಮಿಷಗಳ ಕೆಲಸ.

ಕ್ಲೋಸಿಂಗ್ ಆಯ್ತು, ಲೋನನ್ನ ಇನ್ನೊಂದು ಕಂಪನಿಗೆ ಮಾರಿಬಿಟ್ರು, ಇಲ್ಲಿ ಅದು ಮಾಮೂಲಿ. ರೀಫಂಡ್ ಕೇಳಿದ್ರೆ ಹೊಸ ಕಂಪನಿಯವರು ಹಳೇ ಲೆಂಡರ್‌ನ ಕೇಳಿ ಅಂತಾರೆ, ಹಳೇ ಲೆಂಡರ್ ವಿಎನ ಕೇಳಿ ಅಂತಾನೆ, ವಿಎ ಬೆನಿಫಿಟ್ಸ್ ಲೈನಿಗೆ ಮಾಡಿದ್ರೆ ಅವರು ಕಾಂಪೆನ್ಸೇಷನ್ ಬಗ್ಗೆ ಮಾತಾಡ್ತಾರೆ, ಲೋನ್ ಅವರ ಡಿಪಾರ್ಟ್‌ಮೆಂಟ್ ಅಲ್ಲ. ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಅದೇ ಕಥೆ. ಕೊನೆಗೆ ಸರಿಯಾದ ಜಾಗ ಸಿಕ್ಕಿದ್ದು ವಿಎ ರೀಜನಲ್ ಲೋನ್ ಸೆಂಟರ್. ನೀವು ಸೀದಾ ಅಲ್ಲಿಗೇ ಹೋಗಿ, ಬೇರೆ ಎಲ್ಲೂ ಟೈಮ್ ವೇಸ್ಟ್ ಮಾಡ್ಕೋಬೇಡಿ. ರೇಟಿಂಗ್ ಲೆಟರ್ ಮತ್ತೆ ಕ್ಲೋಸಿಂಗ್ ಡಿಸ್‌ಕ್ಲೋಷರ್ ಎರಡೂ ರೆಡಿ ಇಟ್ಕೊಂಡಿರಿ. ರೀಫಂಡ್ ಬಂತು, ಆದ್ರೆ ಕೈಗಲ್ಲ. ಫೀ ಲೋನಿಗೆ ಸೇರಿತ್ತಲ್ಲ, ಹಂಗಾಗಿ ಅಸಲಿಗೇ ಜಮಾ ಮಾಡಿದ್ರು, ತಿಂಗಳ ಕಂತು ಒಂದು ಡಾಲರೂ ಇಳೀಲಿಲ್ಲ. ಲೋನ್ ಬೇಗ ಮುಗಿಯತ್ತೆ, ನಿಜ, ಅದು 20 ಚಿಲ್ರೆ ವರ್ಷ ಆದ್ಮೇಲಿನ ಮಾತು.

ಇದು ನಮಗೊಬ್ಬರಿಗೇ ಆಗಿದ್ದು ಅನ್ಕೊಂಡಿದ್ದೆ. ಹುಡುಕಿ ನೋಡಿದ್ರೆ 2019ರಲ್ಲಿ ವಿಎದೇ ಇನ್‌ಸ್ಪೆಕ್ಟರ್ ಜನರಲ್ ಆಫೀಸು ರಿಪೋರ್ಟ್ ಕೊಟ್ಟಿದೆ, 2012ರಿಂದ 2017ರ ಒಳಗೆ ಮಾಫಿ ಇದ್ದ ಸುಮಾರು 72,900 ವೆಟರನ್‌ಗಳ ಹತ್ರ 28.6 ಕೋಟಿ ಡಾಲರ್ ಫಂಡಿಂಗ್ ಫೀ ತಗೊಂಡಿದ್ದಾರೆ ಅಂತ. ಆ ಗಲಾಟೆ ಆದ್ಮೇಲೆ ವಿಎ ಹಳೇ ಲೋನ್‌ಗಳನ್ನೆಲ್ಲ ತೆಗೆದು ರೀಫಂಡ್ ಕೊಡ್ತು. ಹಾಗಾದ್ರೂ ಇನ್ನೂ ಯಾಕೆ ಆಗ್ತಿದೆ ಅಂದ್ರೆ, ನನ್ನ ಪ್ರಕಾರ ಕಾರಣ ಸಿಂಪಲ್, ಫೀ ಹೋಗೋದು ವಿಎಗೆ, ಲೆಂಡರ್ ಜೇಬಿಂದ ಏನೂ ಹೋಗಲ್ಲ, ತೆಗೆದ್ರೆ ಅವನಿಗೆ ಕೆಲಸ ಜಾಸ್ತಿ ಅಷ್ಟೇ. ಅವನಿಗ್ಯಾಕೆ ತಲೆನೋವು?

ಈಗ ತುಂಬ ಜನ ಸಿಕ್ಕಿಹಾಕ್ಕೊಳ್ಳೋ ಒಂದು ಪಾಯಿಂಟ್. ಕ್ಲೋಸಿಂಗ್ ಆದ್ಮೇಲೆ ರೇಟಿಂಗ್ ಬಂದ್ರೆ ರೀಫಂಡ್ ಸಿಗತ್ತಾ? ರೇಟಿಂಗ್ ಲೆಟರ್ ಯಾವತ್ತು ಬಂತು ಅನ್ನೋದು ಮುಖ್ಯ ಅಲ್ಲ, ಕಾಂಪೆನ್ಸೇಷನ್ ಯಾವತ್ತಿಂದ ಜಾರಿ ಅಂತ ಅದರಲ್ಲಿ ಬರೆದಿದೆ ಅನ್ನೋದು ಮುಖ್ಯ. ಆ ತಾರೀಖು ಕ್ಲೋಸಿಂಗಿಗಿಂತ ಹಿಂದಿನದಾದ್ರೆ ರೀಫಂಡ್ ಕೇಳಬಹುದು, ಮುಂದಿನದಾದ್ರೆ 100% ರೇಟಿಂಗ್ ಬಂದ್ರೂ ಇಲ್ಲ. ಹಂಗಾಗಿ ಕ್ಲೇಮ್ ಪೂರ್ತಿ ರೆಡಿ ಇಲ್ಲದಿದ್ರೂ ಕ್ಲೋಸಿಂಗಿಗೆ ಮುಂಚೆ "ಇಂಟೆಂಟ್ ಟು ಫೈಲ್" (ಮುಂದೆ ಕ್ಲೇಮ್ ಹಾಕ್ತೀನಿ ಅಂತ ವಿಎಗೆ ತಿಳಿಸೋದು) ಅನ್ನೋದನ್ನಾದ್ರೂ ಹಾಕಿಡಿ, ಒಂದು ವರ್ಷದ ಒಳಗೆ ಕ್ಲೇಮ್ ಹಾಕಿದ್ರೆ ಸಾಮಾನ್ಯವಾಗಿ ಆ ತಾರೀಖೇ ಲೆಕ್ಕಕ್ಕೆ ಬರತ್ತೆ, ದುಡ್ಡೂ ಖರ್ಚಿಲ್ಲ. ಇನ್ನೂ ಸರ್ವೀಸಲ್ಲಿ ಇರೋರಿಗೆ ಪ್ರಪೋಸ್ಡ್ ರೇಟಿಂಗ್ (ಡಿಸ್ಚಾರ್ಜಿಗೆ ಮುಂಚೇನೇ ವಿಎ ಕೊಡೋ ರೇಟಿಂಗ್) ಕ್ಲೋಸಿಂಗಿಗೆ ಮುಂಚೆ ಬಂದಿದ್ರೂ ಮಾಫಿ ಇದೆ. ಪರ್ಪಲ್ ಹಾರ್ಟ್ (ಯುದ್ಧದಲ್ಲಿ ಗಾಯ ಆದೋರಿಗೆ ಕೊಡೋ ಪದಕ) ಬಂದಿರೋ ಆಕ್ಟಿವ್ ಡ್ಯೂಟಿಯವರಿಗೂ, ಡಿಐಸಿ ಅಂತ ವಿಎ ಇಂದ ತಿಂಗಳ ಪರಿಹಾರ ಬರೋ ಸೈನಿಕರ ವಿಧವೆಯರಿಗೂ ಇದೆ. ಆದ್ರೆ 0% ರೇಟಿಂಗ್ ಬಂದು ಕಾಂಪೆನ್ಸೇಷನ್ ಬರ್ತಿಲ್ಲ ಅಂದ್ರೆ ಮಾಫಿ ಸಿಗತ್ತೆ ಅಂತ ಅನ್ಕೋಬೇಡಿ, ನಮ್ಮ ಪರಿಚಯದೋರು ಒಬ್ಬರು ಹಂಗೆ ಅನ್ಕೊಂಡು ಆಮೇಲೆ ಬಜೆಟ್ಟೆಲ್ಲ ಉಲ್ಟಾ ಆಯ್ತು.

ಫಂಡಿಂಗ್ ಫೀ ನೋಡೋ ಗಡಿಬಿಡೀಲಿ ಬೇರೆ ಸಾಲುಗಳನ್ನ ಬಿಟ್ಬಿಡಬೇಡಿ. ಲೆಂಡರ್ ಲೋನ್ ಮಾಡಿಕೊಡೋದಕ್ಕೆ 1% ಒರಿಜಿನೇಷನ್ ಫೀ ಅಂತ ತಗೊಂಡ್ರೆ ಅದರ ಮೇಲೆ ಮತ್ತೆ ಪ್ರೊಸೆಸಿಂಗ್ ಫೀ, ಡಾಕ್ಯುಮೆಂಟ್ ಫೀ ಅಂತ ವೆಟರನ್ ಹತ್ರ ಕೇಳೋ ಹಾಗಿಲ್ಲ, ವಿಎ ರೂಲ್. ನಮ್ಮ ಪೇಪರಲ್ಲಿ ಎರಡೂ ಇತ್ತು. ತೋರಿಸಿದ ತಕ್ಷಣ ಒಂದು ಮಾತೂ ಆಡದೆ ತೆಗೆದ್ರು, ಅದನ್ನ ನೋಡಿದ್ರೇನೇ ಅರ್ಥ ಆಗತ್ತೆ ಅವರಿಗೆ ರೂಲ್ ಗೊತ್ತಿಲ್ದೇ ಇರಲಿಲ್ಲ ಅಂತ.

ಮನೆಗೆ ಬಂದ ಮೇಲೆ ಲೆಟರ್‌ಗಳ ಕಾಟ ಶುರು. ಸರ್ಕಾರದ್ದೇ ಅನ್ನೋ ಹಾಗೆ ಕವರ್, ಹದ್ದಿನ ಚಿತ್ರ, "ಫೈನಲ್ ನೋಟಿಸ್", ಎರಡು ಕಂತು ಕಟ್ಟೋದೇ ಬೇಡ, ಬಡ್ಡಿ ಕಮ್ಮಿ ಮಾಡ್ತೀವಿ, ಕರೆ ಮಾಡಿ. ಎಲ್ಲಾ ರೀಫೈನಾನ್ಸ್ (ಹಳೇ ಲೋನ್ ತೀರಿಸಿ ಹೊಸ ಲೋನ್ ಮಾಡೋದು) ಮಾರೋರದ್ದು. ಬಿಟ್ಟ ಕಂತು ಎಲ್ಲೂ ಹೋಗಲ್ಲ, ಹೊಸ ಲೋನಲ್ಲಿ ಸೇರ್ಕೊಳತ್ತೆ. ಈ ಥರ ಆಫರ್‌ಗಳ ಬಗ್ಗೆ 2017ರಲ್ಲಿ ವಿಎ ಮತ್ತೆ ಸಿಎಫ್‌ಪಿಬಿ (ಹಣಕಾಸು ವಿಷಯದಲ್ಲಿ ಗ್ರಾಹಕರನ್ನ ಕಾಯೋ ಸರ್ಕಾರಿ ಸಂಸ್ಥೆ) ಸೇರಿ ಎಚ್ಚರಿಕೆ ಕೊಟ್ಟಿದ್ರು, 2018ರ ಕಾನೂನಲ್ಲಿ ಸ್ವಲ್ಪ ಬಿಗಿ ಮಾಡಿದ್ದಾರೆ, ಬಡ್ಡಿ ಇಳಿಸೋ ರೀಫೈನಾನ್ಸಿಗೆ ಕನಿಷ್ಠ 6 ಕಂತು ಕಟ್ಟಿರಬೇಕು, 210 ದಿನ ಆಗಿರಬೇಕು, ಖರ್ಚು 36 ತಿಂಗಳಲ್ಲಿ ವಾಪಸ್ ಬರೋ ಹಾಗಿರಬೇಕು. ಮುಂದೆ ನಿಜವಾಗ್ಲೂ ಬಡ್ಡಿ ಇಳಿದು ನೀವೇ ಮಾಡಿಸಿದ್ರೆ, ಅದಕ್ಕೂ 0.5% ಫಂಡಿಂಗ್ ಫೀ ಇದೆ, ಕಾಂಪೆನ್ಸೇಷನ್ ಬರೋರಿಗೆ ಅದೂ ಮಾಫಿ, ಆಗ್ಲೂ ಹೊಸ ಸಿಒಇ ತೆಗೆಸಿ.

ಈಗ ಮನೆ ಕಾಂಟ್ರ್ಯಾಕ್ಟಲ್ಲಿ ಇರೋರು ಇವತ್ತೇ ಲೆಂಡರ್‌ಗೆ ಇಮೇಲ್ ಹಾಕಿ, ಫೋನಲ್ಲಿ ಬೇಡ. ರೇಟಿಂಗ್ ಲೆಟರ್ ಅಟ್ಯಾಚ್ ಮಾಡಿ, ಹೊಸ ಸಿಒಇ ತೆಗೆದು ಕಾಪಿ ಕಳಿಸಿ ಅಂತ ಕೇಳಿ. ಕೊಡದಿದ್ರೆ ವಿಎ ವೆಬ್‌ಸೈಟಲ್ಲಿ ನೀವೇ ತೆಗೆದು ಕಳಿಸಿ. ಅದರಲ್ಲಿ "ಎಕ್ಸೆಂಪ್ಟ್" ಅನ್ನೋ ಪದ ಇದ್ದು, ಕ್ಲೋಸಿಂಗ್ ಡಿಸ್‌ಕ್ಲೋಷರಲ್ಲಿ ಆ ಫೀ ಸೊನ್ನೆ ಆಗಿದ್ರೆ ಮಾತ್ರ ಪೆನ್ ಕೈಗೆ ತಗೊಳ್ಳಿ.