ಕ್ಯೂಫೀಲ್ಡ್ ಎರಡು ಬೇಸಿಗೆ ಉಪಯೋಗಿಸಿದ ಮೇಲೆ: ಸುರಂಗ, ಅಡಿಕೆ ತೋಟ, ಮತ್ತೆ ಐದು ಮೀಟರಿನ ಕಥೆ

ಕ್ಯೂಫೀಲ್ಡ್ ಅಂದ್ರೆ ಜಾಗದಲ್ಲೇ ನಿಂತು ಫೋನಿನ ಮ್ಯಾಪಲ್ಲಿ ಪಾಯಿಂಟು, ಮಾಹಿತಿ ಎಲ್ಲ ಹಾಕುವ ಆಪ್. ಮೊದ್ಲೇ ಹೇಳ್ತೇನೆ, ನಾನು ಸರ್ಕಾರಿ ಸರ್ವೇಯರ್ ಅಲ್ಲ. ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ರ, ಕೆಲ್ಸ ಅಂದ್ರೆ ತೋಟದವ್ರಿಗೆ ಮ್ಯಾಪ್ ಮಾಡಿ ಕೊಡುದು, ಡ್ರಿಪ್ಪಿನ ಪೈಪು ಮಣ್ಣಿನಡಿ ಎಲ್ಲೆಲ್ಲಿ ಹೋಗಿದೆ ಅಂತ ಗುರ್ತು ಮಾಡಿ ಇಡುದು, ಮತ್ತೆ ಕಳೆದ ಎರಡು ಬೇಸಿಗೆಯಿಂದ ಎಣ್ಮಕಜೆ, ಪೈವಳಿಕೆ, ಬಾಯಾರು ಕಡೆ ಸುರಂಗ, ಕೆರೆ, ಮದಕ (ಗುಡ್ಡೆಯಲ್ಲಿ ಮಳೆನೀರು ನಿಲ್ಲುವ ಹೊಂಡ), ಕಟ್ಟ (ತೋಡಿಗೆ ಹಾಕುವ ಒಡ್ಡು) ಇದೆಲ್ಲದರ ಲೆಕ್ಕ ತೆಗೆಯುದು. ಘಟ್ಟದ ಮೇಲಿನವ್ರಿಗೆ ಒಂದು ಮಾತು, ಸುರಂಗ ಅಂದ್ರೆ ರೈಲು ಹೋಗುವಂಥದ್ದಲ್ಲ, ಮುರಕಲ್ಲಿನ (ಜಂಬಿಟ್ಟಿಗೆ) ಗುಡ್ಡೆಗೆ ಅಡ್ಡಕ್ಕೆ ಕೊರೆದು ಒಸರುವ ನೀರನ್ನು ಹೊರಗೆ ತರುವಂಥದ್ದು, ಒಬ್ಬ ಮನುಷ್ಯ ಹೇಗೋ ನುಗ್ಗುವಷ್ಟು ಅಗಲ, ಉದ್ದ ಕೆಲವು 10 ಮೀಟರಿಗೆ ಮುಗೀತದೆ, ಕೆಲವು 200 ಮೀಟರ್ ದಾಟ್ತದೆ. ನಮ್ಮಲ್ಲಿ ಎಷ್ಟೋ ಮನೆಗೆ ಈಗ್ಲೂ ಕುಡಿಯುವ ನೀರು ಅದ್ರಿಂದ್ಲೇ.

ಮೊದ್ಲು ನನ್ನತ್ರ ಇದ್ದದ್ದು ಗಾರ್ಮಿನ್ ಇಟ್ರೆಕ್ಸ್ 10, ಕೈಯಲ್ಲಿ ಹಿಡಿಯುವ ಜಿಪಿಎಸ್. ಎರಡು ಎಎ ಸೆಲ್ಲು ಹಾಕಿದ್ರೆ ಆಯ್ತು, ಮಳೆಗೆ ಹೆದರುದಿಲ್ಲ, ಕೈತಪ್ಪಿ ತೋಡಿಗೆ ಬಿದ್ರೂ ಬದುಕ್ತದೆ, ಗಟ್ಟಿ ಸಾಮಾನು. ಆದ್ರೆ ಅದ್ರಲ್ಲಿ ಪಾಯಿಂಟು ಅಂದ್ರೆ 001, 002, 003. ಯಾವುದು ಯಾರ ಸುರಂಗ, ನೀರು ಎಷ್ಟು ತಿಂಗಳು ಬರ್ತದೆ, ಒಳಗೆ ಕುಸಿದಿದೆಯಾ, ಎಲ್ಲ ಡೈರಿಯಲ್ಲಿ ಬರ್ದಿಡ್ಬೇಕು. ಒಂದು ದಿನ ನಾನು ಡೈರಿಯಲ್ಲಿ ಒಂದು ನಂಬ್ರ ಹಾರಿಸಿದೆ ಮಾರಾಯ್ರೆ, ಅಲ್ಲಿಂದ ಮುಂದಿನ ಅಷ್ಟೂ ಸುರಂಗ ಒಬ್ಬೊಬ್ರದ್ದು ಇನ್ನೊಬ್ರ ಹೆಸರಿಗೆ ಹೋಯ್ತು, ರಾತ್ರಿ ಮ್ಯಾಪ್ ನೋಡುವಾಗ ಒಬ್ರ ಕೆರೆ ಮಸೀದಿ ಅಂಗಳದಲ್ಲಿ ಕೂತಿತ್ತು. ಮರುದಿನ ಇಡೀ ಗುಡ್ಡೆ ಪುನಃ ಹತ್ತಿದೆ. ಅವತ್ತೇ ತೀರ್ಮಾನ ಮಾಡಿದ್ದು, ಪಾಯಿಂಟು ಮತ್ತೆ ಮಾಹಿತಿ ಒಂದೇ ಕಡೆ ಕೂರುವಂಥದ್ದು ಏನಾದ್ರೂ ಬೇಕು ಅಂತ.

ಹಾಗೆ ಹುಡುಕಿ ಸಿಕ್ಕಿದ್ದು ಕ್ಯೂಫೀಲ್ಡ್. ಸ್ವಿಟ್ಜರ್ಲೆಂಡಿನ ಓಪನ್‌ಜಿಐಎಸ್ ಅನ್ನುವ ಕಂಪೆನಿ ಮಾಡಿದ್ದು, ಪುಕ್ಸಟ್ಟೆ, ಓಪನ್ ಸೋರ್ಸ್, ಆಂಡ್ರಾಯ್ಡಿಗೂ ಐಫೋನಿಗೂ ಉಂಟು. ಒಳಗೆ ಓಡುದು ಕ್ಯೂಜಿಐಎಸ್ ಎಂಜಿನ್ನೇ, 2002ರಿಂದ ಬೆಳೀತಾ ಬಂದ, ಮ್ಯಾಪ್ ಮಾಡುವ ಕಂಪ್ಯೂಟರ್ ಸಾಫ್ಟ್‌ವೇರ್ ಅದು. ಇಲ್ಲೇ ಒಂದು ವಿಷ್ಯ ತಿಳ್ಕೊಳ್ಬೇಕು. ಇದು ಪ್ಲೇಸ್ಟೋರಿಂದ ಇಳಿಸಿ ಸೀದಾ ಗುಡ್ಡೆಗೆ ಹೋಗಿ ಶುರು ಮಾಡುವಂಥ ಆಪ್ ಅಲ್ಲ. ಹಿಂದಿನ ದಿನ ರಾತ್ರಿ ಲ್ಯಾಪ್‌ಟಾಪಲ್ಲಿ ಕೂತು ಲೇಯರ್ (ಒಂದೇ ಜಾತಿಯ ಪಾಯಿಂಟೆಲ್ಲ ಕೂರುವ ಪದರ) ಮಾಡ್ಬೇಕು, ಫಾರಂ ಮಾಡ್ಬೇಕು, ಹಿಂದೆ ತೋರ್ಲಿಕ್ಕೆ ಉಪಗ್ರಹ ಚಿತ್ರವೋ ಸರ್ವೇ ಆಫ್ ಇಂಡಿಯಾದ 1:50,000 ಮ್ಯಾಪೋ ಆಫ್‌ಲೈನ್ ಮಾಡಿ ಹಾಕ್ಬೇಕು, ಮತ್ತೆ ಕ್ಯೂಫೀಲ್ಡ್‌ಸಿಂಕ್ ಪ್ಲಗಿನ್ನಲ್ಲಿ ಪ್ಯಾಕ್ ಮಾಡಿ ಫೋನಿಗೆ ಕಳಿಸ್ಬೇಕು. ಇಷ್ಟೆಲ್ಲ ಯಾರು ಮಾಡ್ತಾರೆ ಅನ್ನುವವ್ರಿಗೆ ಇದು ಆಗುದಿಲ್ಲ, ಬಿಡಿ. ಬರೇ ಪಾಯಿಂಟು, ಫೋಟೋ, ನಡೆದ ದಾರಿ ಸಾಕಾದ್ರೆ ನೇಪಾಳದವ್ರ ಎಸ್‌ಡಬ್ಲ್ಯೂ ಮ್ಯಾಪ್ಸ್ ಉಂಟು, ಅದೂ ಪುಕ್ಸಟ್ಟೆ, ಫೋನಲ್ಲೇ ಎಲ್ಲ ಮಾಡ್ಬಹುದು, ಹತ್ತು ನಿಮಿಷಕ್ಕೆ ಕಲೀಬಹುದು. ಅವೆಂಝಾ ಅನ್ನುವ ಆಪ್ ಕೂಡ ನೋಡಿದೆ, ಪಿಡಿಎಫ್ ಮ್ಯಾಪ್ ಮೇಲೆ ನಾವು ಎಲ್ಲಿದ್ದೇವೆ ಅಂತ ನೋಡ್ಲಿಕ್ಕೆ ಚಂದ, ನನ್ನ ಕೆಲ್ಸಕ್ಕೆ ಅಷ್ಟು ಸಾಲುದಿಲ್ಲ.

ಆದ್ರೆ ಆ ರಾತ್ರಿಯ ಕೆಲ್ಸ ಮಾಡಿದವ್ನಿಗೆ ಹಗಲು ಗಮ್ಮತ್ತು. ಸುರಂಗದ ಬಾಯಲ್ಲಿ ನಿಂತು ಪ್ಲಸ್ ಒತ್ತಿದ್ರೆ ಫಾರಂ ಬರ್ತದೆ, ಪ್ರಶ್ನೆ ಎಲ್ಲ ಕನ್ನಡದಲ್ಲೇ ಬರುವ ಹಾಗೆ ಮಾಡಿದ್ದೇನೆ, "ನೀರು ಯಾವಾಗ ಆರ್ತದೆ" ಅಂತ ಕೇಳ್ತದೆ, ಕೆಳಗೆ "ಆರುದಿಲ್ಲ, ಮಾರ್ಚ್, ಎಪ್ರಿಲ್, ಮೇ" ಅಂತ ಪಟ್ಟಿ, ಬೆರಳು ಇಟ್ರೆ ಆಯ್ತು. ತಾರೀಕು ಅದೇ ಹಾಕ್ಕೊಳ್ತದೆ. ಸುರಂಗದ ಉದ್ದ ಬರೆಯುವ ಜಾಗ ಖಾಲಿ ಬಿಟ್ರೆ ಸೇವ್ ಆಗುದೇ ಇಲ್ಲ, ಹಾಗೆ ಕಟ್ಟಿಹಾಕಿದ್ದೇನೆ, ಇದು ನನ್ನಂಥ ಮರೆಗುಳಿಗೆ ದೊಡ್ಡ ಉಪಕಾರ. ನನ್ನೊಟ್ಟಿಗೆ ಬರುವ ಹುಡುಗ ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟವ, ಅಡಿಕೆ ಮರ ಹತ್ತುದ್ರಲ್ಲಿ ಎಕ್ಸ್‌ಪರ್ಟ್, ಅವ ಎರಡನೇ ದಿನಕ್ಕೆ ನನಗಿಂತ ಫಾಸ್ಟ್ ತುಂಬಿಸ್ತಿದ್ದ, "ಅಣ್ಣ ನೀವು ಟೇಪು ಹಿಡೀರಿ, ಫೋನು ನಂಗೆ ಕೊಡಿ" ಅಂದ. ಕೊಟ್ಟೆ, ಎಂತ ಮಾಡುದು.

ಕನ್ನಡದ ವಿಷ್ಯ ಸ್ವಲ್ಪ ಜಾಸ್ತಿ ಹೇಳ್ತೇನೆ, ಬೇರೆ ಎಲ್ಲೂ ಯಾರೂ ಹೇಳುದಿಲ್ಲ. ನಮ್ಮ ಜಿಲ್ಲೆಯಲ್ಲಿ ಒಂದೊಂದು ಜಾಗಕ್ಕೆ ಎರಡು ಮೂರು ಹೆಸರು. ನಾವು ನೆಲ್ಲಿಕುಂಜ ಅಂತೇವೆ, ಬೋರ್ಡಲ್ಲಿ ನೆಲ್ಲಿಕುನ್ನ್. ನಾವು ಮಂಜೇಶ್ವರ, ಮಲಯಾಳದವ್ರು ಮಂಜೇಶ್ವರಂ. ಊರಿನ ಹೆಸರೇ ಹೀಗಾದ್ರೆ ಗುಡ್ಡೆ, ಬೈಲು, ಪದವು, ಮಜಲು ಇದ್ರದ್ದೆಲ್ಲ ಹೆಸರು ಯಾವ ಮ್ಯಾಪಲ್ಲೂ ಇಲ್ಲ, ಅಜ್ಜಂದಿರ ಬಾಯಲ್ಲಿ ಮಾತ್ರ ಉಂಟು, ಅವ್ರು ಹೋದ್ರೆ ಅದೂ ಹೋಯ್ತು. ಕ್ಯೂಫೀಲ್ಡಲ್ಲಿ ಕನ್ನಡದಲ್ಲಿ ಟೈಪ್ ಮಾಡಿದ್ದು ಕನ್ನಡದಲ್ಲೇ ಕೂರ್ತದೆ, ಮ್ಯಾಪಿನ ಮೇಲೂ ಕನ್ನಡದಲ್ಲೇ ತೋರ್ತದೆ. ಆದ್ರೆ ಒಂದು ಎಚ್ಚರ, ಲೇಯರನ್ನು ಶೇಪ್‌ಫೈಲಲ್ಲಿ ಇಡ್ಬೇಡಿ, ಜಿಯೋಪ್ಯಾಕೇಜಲ್ಲಿ ಇಡಿ, ಎರಡೂ ಮ್ಯಾಪ್ ಡಾಟಾ ಇಡುವ ಫೈಲಿನ ನಮೂನೆ. ಶೇಪ್‌ಫೈಲಲ್ಲಿ ಕಾಲಂ ಹೆಸರು 10 ಅಕ್ಷರಕ್ಕೆ ಕಟ್ ಆಗ್ತದೆ, ಎನ್‌ಕೋಡಿಂಗ್ (ಅಕ್ಷರವನ್ನು ಕಂಪ್ಯೂಟರ್ ಬರ್ದಿಡುವ ಕ್ರಮ) ಸ್ವಲ್ಪ ಆಚೀಚೆ ಆದ್ರೆ ಕನ್ನಡ ಎಲ್ಲ ಪ್ರಶ್ನೆ ಚಿಹ್ನೆ ಆಗಿ ಕೂರ್ತದೆ. ನನ್ನ ಮೊದಲ ಪಟ್ಟಿ ಹಾಗೇ ಆದದ್ದು, 40 ಸುರಂಗದ ಯಜಮಾನ್ರು ಎಲ್ರೂ "???????". ಯಾರು ಬೇಕಾದ್ರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪಿಗೆ ಊರಿನ ಹೆಸರು ಸೇರಿಸುವವ್ರು ಇದ್ರೆ, ಅಲ್ಲಿ ಕನ್ನಡ ಹೆಸರಿಗೆ ಬೇರೆ ಟ್ಯಾಗು, ಮಲಯಾಳಕ್ಕೆ ಬೇರೆ ಟ್ಯಾಗು ಉಂಟು, ಎರಡೂ ಹಾಕ್ಬಹುದು, ಜಗಳ ಬೇಡ.

ಇನ್ನು ಜಿಪಿಎಸ್ಸಿನ ವಿಷ್ಯಕ್ಕೆ ಬರುವ, ಯಾಕಂದ್ರೆ ಎಲ್ರೂ ಕೇಳುದು ಅದೇ, "ಎಷ್ಟು ಕರೆಕ್ಟ್ ಉಂಟು?" ಆಪಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ಹೇಳಿ ಹೇಳಿ ಸಾಕಾಯ್ತು. ಚುಕ್ಕೆ ಕೊಡುದು ಫೋನಿನ ಚಿಪ್ಪು, ಆಪ್ ಬರೇ ಬರ್ದಿಡ್ತದೆ. ಬೋಳು ಪದವಲ್ಲಿ, ಅಂದ್ರೆ ಮರ ಇಲ್ಲದ ಗುಡ್ಡೆ ತಲೆಯ ಸಮತಟ್ಟಲ್ಲಿ ನಿಂತ್ರೆ ನನ್ನ ಫೋನು 3-4 ಮೀಟರ್ ಹೇಳ್ತದೆ, ಅಡಿಕೆ ತೋಟದ ಒಳಗೆ 8, 10, ಕೆಲವು ಸಲ 15. ಕಲ್ಲು ಪಣೆಯ (ಕಲ್ಲು ತೆಗೆದ ಹೊಂಡದ) ಗೋಡೆ ಹತ್ರ ಕೇಳುದೇ ಬೇಡ, ಸಿಗ್ನಲ್ಲು ಗೋಡೆಗೆ ಬಡಿದು ವಾಪಸ್ ಬಂದು ಚುಕ್ಕೆ ಕುಣೀತದೆ. ಮತ್ತೆ ಆಂಡ್ರಾಯ್ಡ್ 5 ಮೀಟರ್ ಅಂದ್ರೆ ಖಂಡಿತಾ 5 ಮೀಟರ್ ಒಳಗೆ ಅಂತ ಅಲ್ಲ, ನೂರಕ್ಕೆ 68 ಸಲ ಆ ವೃತ್ತದ ಒಳಗೆ ಇರ್ಬಹುದು ಅಂತ ಅದ್ರ ಲೆಕ್ಕ, ಅಂದ್ರೆ ಮೂರಕ್ಕೆ ಒಂದು ಸಲ ಹೊರಗೆ! ಇದು ಗೊತ್ತಾದ ಮೇಲೆ ನನ್ನ ಅರ್ಧ ಅಹಂಕಾರ ಇಳೀತು.

ಇಲ್ಲಿ ಕ್ಯೂಫೀಲ್ಡಿನ ಎರಡು ಸೆಟ್ಟಿಂಗ್ ಉಪಕಾರಕ್ಕೆ ಬರ್ತದೆ. ಒಂದು, ಇಂತಿಷ್ಟು ಮೀಟರಿಗಿಂತ ಕೆಟ್ಟದಾದ್ರೆ ಪಾಯಿಂಟೇ ತಗೊಳ್ಬೇಡ ಅಂತ ಹೇಳಿಡ್ಬಹುದು, ಕೆಂಪು ಇದ್ರೆ ಬಿಡುದಿಲ್ಲ. ಇನ್ನೊಂದು, ಒಂದು ಸಲಕ್ಕೆ ಬದ್ಲು ಹಲವು ಸಲದ ಸ್ಥಾನ ತಗೊಂಡು ಸರಾಸರಿ ಮಾಡುದು. ನಾನು 60 ಇಟ್ಟಿದ್ದೇನೆ, ಸುಮಾರು ಒಂದು ನಿಮಿಷ ಸುಮ್ನೆ ನಿಲ್ಬೇಕು, ಇಂಬಳ ಹತ್ತುವ ಜಾಗದಲ್ಲಿ ಒಂದು ನಿಮಿಷ ಅಂದ್ರೆ ಎಷ್ಟು ಉದ್ದ ಅಂತ ನಿಂತವ್ನಿಗೇ ಗೊತ್ತು.

ಅಷ್ಟು ಮಾಡಿದ್ರೂ ಗಡಿ ಗುರುತಿಸ್ಲಿಕ್ಕೆ ಇದು ಆಗುದಿಲ್ಲ, ದಮ್ಮಯ್ಯ ಕೇಳ್ಬೇಡಿ. ಕಳೆದ ವರ್ಷ ಒಬ್ರು ಮಾವ, ದೂರದ ಸಂಬಂಧವೇ, "ನಿನ್ನ ಫೋನಲ್ಲಿ ಒಂಚೂರು ನೋಡು, ಆಚೆಯವ ಗಡಿಯ ಅಗಳು ಈಚೆ ದೂಡಿದ್ದಾನೆ" ಅಂತ ಕರೆದ್ರು. ಲೆಕ್ಕ ಮಾಡಿ ತೋರಿಸಿದೆ: 10 ಸೆಂಟ್ಸ್ ಅಂದ್ರೆ 405 ಚದರ ಮೀಟರ್, ಅಂದಾಜು 20 ಮೀಟರಿಗೆ 20 ಮೀಟರ್. ಒಂದು ಬದಿ 5 ಮೀಟರ್ ಆಚೀಚೆ ಆದ್ರೆ 100 ಚದರ ಮೀಟರ್, ಎರಡೂವರೆ ಸೆಂಟ್ಸ್ ಅಲ್ಲೇ ಮಾಯ. ಈ ಫೋನು ಹಿಡ್ಕೊಂಡು ನಾನು ಗಡಿ ಹೇಳಿದ್ರೆ ಇಬ್ರೂ ಸೇರಿ ನನಗೇ ಬಾರಿಸ್ತಾರೆ. ಗಡಿಗೆ ಬೇಕಾದ್ದು ಆರ್‌ಟಿಕೆ ರೋವರ್ ಅನ್ನುವ ಸರ್ವೇ ಜಿಪಿಎಸ್, ಸೆಂಟಿಮೀಟರ್ ಲೆಕ್ಕದ್ದು, 2022 ನವೆಂಬರ್ 1ಕ್ಕೆ ಕೇರಳದಲ್ಲಿ ಶುರುವಾದ ಡಿಜಿಟಲ್ ರೀಸರ್ವೆಯಲ್ಲಿ ಉಪಯೋಗಿಸುದು ಅಂಥದ್ದನ್ನೇ. ಅದಕ್ಕೂ ತಿದ್ದುಪಡಿ ಡಾಟಾ ಇಂಟರ್‌ನೆಟ್ಟಲ್ಲಿ ಬರ್ತಾ ಇರ್ಬೇಕು, ನಮ್ಮ ಬೈಲಿನ ಬುಡದಲ್ಲಿ ಫೋನಿಗೇ ರೇಂಜ್ ಇಲ್ಲ, ಮೇಲೆ ಅಡಿಕೆ ಸೋಗೆಯ ಚಪ್ಪರ ಬೇರೆ.

ಎತ್ತರದ್ದು ಇನ್ನೂ ತಮಾಷೆ. ಮೊದಲ ಸಲ ಬೇಕಲದ ಸಮುದ್ರದ ಬದಿ ನಿಂತು ನೋಡಿದ್ರೆ ಆಪ್ ಮೈನಸ್ 90 ಹತ್ರ ತೋರಿಸ್ತಾ ಉಂಟು, ಫೋನು ಹಾಳಾಯ್ತು ಅಂತ ಅಂದ್ಕೊಂಡೆ. ಹಾಳಾದ್ದಲ್ಲ. ಫೋನು ಲೆಕ್ಕ ಹಾಕುದು ಭೂಮಿಯ ಗಣಿತದ ಆಕಾರದಿಂದ, ನಿಜವಾದ ಸಮುದ್ರ ಮಟ್ಟ ನಮ್ಮ ಕಡೆ ಅದಕ್ಕಿಂತ ಅಷ್ಟು ಕೆಳಗೆ ಉಂಟು. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಅದು 106 ಮೀಟರ್ ತನಕ ಇಳೀತದೆ, ಇಡೀ ಪ್ರಪಂಚದಲ್ಲೇ ಅತಿ ತಗ್ಗು ಅಲ್ಲೇ. ಕ್ಯೂಫೀಲ್ಡಿಗೆ ಈ ವ್ಯತ್ಯಾಸದ ಲೆಕ್ಕ ಇರುವ ಜಿಯಾಯ್ಡ್ ಫೈಲ್ ಒಂದು ಹಾಕಿ ಕೊಟ್ರೆ ಸರಿ ಮಾಡ್ಕೊಳ್ತದೆ. ಆದ್ರೂ ಫೋನಿನ ಎತ್ತರ ಅಡ್ಡಳತೆಗಿಂತ ಜಾಸ್ತಿಯೇ ತಪ್ಪುದು, ಸುರಂಗದ ನೀರು ಪಂಪಿಲ್ಲದೆ ತನ್ನಷ್ಟಕ್ಕೆ ಟ್ಯಾಂಕಿಗೆ ಬರ್ತದಾ ಅಂತ ನೋಡ್ಲಿಕ್ಕೆ ಮೇಸ್ತ್ರಿಯ ಲೆವೆಲ್ ಪೈಪೇ ಸೈ, ಈ ವಿಷ್ಯದಲ್ಲಿ ಫೋನು ಕಿಸೆಯಲ್ಲೇ ಇರ್ಲಿ.

ಸುರಂಗದ ಒಳಗೆ ಮತ್ತೆ ಜಿಪಿಎಸ್ಸೇ ಇಲ್ಲ. ಹಾಗಾಗಿ ಬಾಯಲ್ಲಿ ಪಾಯಿಂಟು ತಗೊಂಡು, ಉದ್ದ ಟೇಪಲ್ಲಿ ಅಳೆದು, ದಿಕ್ಕು ಕಾಂಪಸ್ಸಲ್ಲಿ ನೋಡಿ ಫಾರಂಗೆ ಹಾಕ್ತೇವೆ, ಮನೆಗೆ ಬಂದು ಕ್ಯೂಜಿಐಎಸ್ಸಲ್ಲಿ ಪ್ರಾಜೆಕ್ಟ್ ಅನ್ನುವ ಫಂಕ್ಷನ್ ಹಾಕಿದ್ರೆ ಇಷ್ಟು ದೂರ ಇಂಥ ದಿಕ್ಕಿಗೆ ಅಂತ ಗೆರೆ ತನ್ನಷ್ಟಕ್ಕೆ ಬರ್ತದೆ. ಅದಕ್ಕೆ ದಿಕ್ಕು ಡಿಗ್ರಿಯಲ್ಲಿ ಅಲ್ಲ, ರೇಡಿಯನ್ನಲ್ಲಿ (ಕೋನ ಅಳೆಯುವ ಇನ್ನೊಂದು ಲೆಕ್ಕ) ಕೊಡ್ಬೇಕು. ನಾನು ಡಿಗ್ರಿಯಲ್ಲೇ ಕೊಟ್ಟೆ, ಸುರಂಗ ಎಲ್ಲ ಗುಡ್ಡೆ ಬಿಟ್ಟು ಬೈಲಿಗೆ, ರಸ್ತೆಗೆ, ಒಂದಂತೂ ಸೀದಾ ಶಾಲೆಯ ಅಡಿಗೆಕೋಣೆಗೆ ನುಗ್ಗಿತ್ತು. ಸರಿ ಮಾಡಿದ ಮೇಲೆ ನೋಡಿದ್ರೆ ಒಂದೇ ಗುಡ್ಡೆಗೆ ನಾಲ್ಕು ಮನೆಯವ್ರು ನಾಲ್ಕು ದಿಕ್ಕಿಂದ ಕೊರೆದದ್ದು ಹೊಟ್ಟೆಯೊಳಗೆ ಎಷ್ಟು ಹತ್ರ ಬಂದಿದೆ ಅಂತ ಮೊದಲ ಸಲ ಕಂಡದ್ದು. ಒಬ್ರು ಅಜ್ಜ, ಪ್ರಾಯಕಾಲದಲ್ಲಿ ತಾವೇ ಗುದ್ದಲಿ ಹಿಡಿದು ಕೊರೆದವ್ರು, ಸ್ಕ್ರೀನು ಸುಮಾರು ಹೊತ್ತು ನೋಡಿ "ಹಾಗಾದ್ರೆ ಅವತ್ತು ಒಳಗೆ ಠಕ್ ಠಕ್ ಕೇಳಿದ್ದು ಆಚೆ ಮನೆಯವನದ್ದೇ" ಅಂದ್ರು.

ಲೆಕ್ಕ ಇಷ್ಟಪಡುವವ್ರಿಗೆ ಇನ್ನೊಂದು. ಯುಟಿಎಂ ಅಂದ್ರೆ ಭೂಮಿಯನ್ನು ಉದ್ದುದ್ದ ವಲಯ ಮಾಡಿ ಜಾಗವನ್ನು ಮೀಟರಲ್ಲಿ ಹೇಳುವ ಕ್ರಮ, ನಮ್ದು ಅದ್ರಲ್ಲಿ 43 ಉತ್ತರ ವಲಯ, ಅದ್ರ ನಡು ರೇಖೆ 75 ಡಿಗ್ರಿ ಪೂರ್ವ, ಅದು ಹೆಚ್ಚುಕಮ್ಮಿ ಕಾಸರಗೋಡು ಪೇಟೆಯ ತಲೆ ಮೇಲೇ ಹೋಗ್ತದೆ, ಹಾಗಾಗಿ ಪೇಟೆಯಲ್ಲಿ ಈಸ್ಟಿಂಗ್ (ಪೂರ್ವಕ್ಕಿರುವ ಮೀಟರ್ ಲೆಕ್ಕ) 5 ಲಕ್ಷದ ಹತ್ರವೇ ಬರ್ಬೇಕು. ನಿಮ್ಮ ಪಾಯಿಂಟಲ್ಲಿ ಬೇರೆ ಎಂತದೋ ನಂಬ್ರ ಬಂದ್ರೆ ವಲಯ ತಪ್ಪಿದೆ ಅಂತ ಲೆಕ್ಕ. ನಡು ರೇಖೆಯಲ್ಲಿ ಸ್ಕೇಲು 0.9996, ನೆಲದ 1 ಕಿಲೋಮೀಟರ್ ಮ್ಯಾಪಲ್ಲಿ 40 ಸೆಂಟಿಮೀಟರ್ ಕಮ್ಮಿ. ಪೈಪಿನ ಕೆಲ್ಸಕ್ಕೆ ಇದೆಲ್ಲ ಎಣಿಸುದು ಬೇಡ.

ಬೇಜಾರಿನದ್ದೂ ಹೇಳ್ಬೇಕಲ್ಲ. ಬ್ಯಾಟರಿ ನೀರಿನ ಹಾಗೆ ಖಾಲಿ, ಬಿಸಿಲಿಗೆ ಬ್ರೈಟ್‌ನೆಸ್ ಪೂರ್ತಿ ಇಟ್ರೆ ಮಧ್ಯಾಹ್ನ ಗಂಜಿ ಊಟಕ್ಕೆ ಮೊದ್ಲೇ 30 ಶೇಕಡಕ್ಕೆ ಬರ್ತದೆ, 10,000 ಎಂಎಎಚ್ ಪವರ್‌ಬ್ಯಾಂಕ್ ಚೀಲದಲ್ಲಿ ಇರ್ಲೇಬೇಕು. ಕೈ ಒದ್ದೆ ಇದ್ರೆ ಟಚ್ ಕೆಲ್ಸ ಮಾಡುದಿಲ್ಲ, ವರ್ಷಕ್ಕೆ 3500 ಮಿಲಿಮೀಟರ್ ಮಳೆ ಬೀಳುವ ಊರಲ್ಲಿ ಇದು ಸಣ್ಣ ವಿಷ್ಯ ಅಲ್ಲ, ಜೂನಿಂದ ಸೆಪ್ಟೆಂಬರ್ ತನಕ ನಾನು ಗಾರ್ಮಿನ್ನೇ ಹಿಡಿಯುದು. ಫೋಟೋ ಫುಲ್ ಸೈಜಲ್ಲಿ ತೆಗೆದ್ರೆ ಪ್ರಾಜೆಕ್ಟು ಊದಿ ಕ್ಲೌಡಿಗೆ ಕಳಿಸ್ಲಿಕ್ಕೆ ರಾತ್ರಿ ಆಗ್ತದೆ, ಪುಕ್ಸಟ್ಟೆ ಕ್ಲೌಡಲ್ಲಿ ಜಾಗವೂ ಕಮ್ಮಿ, ನಾನು ಕೇಬಲ್ ಹಾಕಿ ಕಾಪಿ ಮಾಡ್ತೇನೆ. ಕಲಿಯುವ ಶುರುವಿನ ಎರಡು ವಾರ ಮಂಡೆ ಬಿಸಿಯೇ, ಕನ್ನಡದಲ್ಲಿ ಹೇಳಿಕೊಡುವ ಒಂದು ಒಳ್ಳೆ ವೀಡಿಯೋ ನನ್ನ ಕಣ್ಣಿಗೆ ಬಿದ್ದದ್ದಿಲ್ಲ.

ಐದಕ್ಕೆ ನಾಲ್ಕು ಕೊಡ್ತೇನೆ. ಒಂದು ಕಟ್ ಮಾಡಿದ್ದು ಆ ಎರಡು ವಾರಕ್ಕೆ. ಯಾರಾದ್ರೂ ಕೆರೆ, ಸುರಂಗ, ಬೋರ್‌ವೆಲ್ ಲೆಕ್ಕ ತೆಗೆಯುವವ್ರಿದ್ರೆ ನನ್ನ ಫಾರಂ ಹಾಗೇ ಕೊಡ್ತೇನೆ, "ನೀರು ಯಾವಾಗ ಆರ್ತದೆ" ಅನ್ನುವ ಪಟ್ಟಿಗೆ ಒಂದು ಸಾಲು ಮಾತ್ರ ಸೇರಿಸ್ಕೊಳ್ಳಿ, ನನ್ನಲ್ಲಿ ಫೆಬ್ರವರಿ ಇಲ್ಲ, ಈ ವರ್ಷ ಬಾಯಾರಿನ ಮೂರು ಮನೆಯಲ್ಲಿ ಬೇಕಾಯ್ತು.